ಹೆಬ್ಬೆರಳ ಬುಡದ ಹಳ್ಳ: ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್‌ಗೆ ಶಸ್ತ್ರಚಿಕಿತ್ಸೆ ಯಾರಿಗೆ, ಯಾವಾಗ

ಜಡೆ ಹೆಣೆಯಲು ಕೈ ಎತ್ತಿದರೆ ಸಾಕು, ಮೊಣಕೈಯಿಂದ ಕಿರುಬೆರಳವರೆಗೆ ಜೋಮು ಹಿಡಿಯುತ್ತದೆ. ಬಟ್ಟೆ ಒಣಹಾಕುವಾಗ, ಅಟ್ಟದ ಮೇಲಿನ ಡಬ್ಬ ಇಳಿಸುವಾಗ, ಬಸ್ಸಿನಲ್ಲಿ ಮೇಲಿನ ಸರಳು ಹಿಡಿದು ನಿಂತಾಗ ತೋಳು ಸೋತುಬರುತ್ತದೆ. ರಾತ್ರಿ ಆ ಮಗ್ಗುಲಿಗೆ ಹೊರಳುವ ಹಾಗಿಲ್ಲ. ಈ ದೂರು ಹೊತ್ತು ಬಂದವರಿಗೆ ನಮ್ಮಲ್ಲಿ ಮೊದಲು ಸಿಗುವ ಹೆಸರು ಸ್ಪಾಂಡಿಲೈಟಿಸ್. ಜೊತೆಗೆ ಕತ್ತಿಗೊಂದು ಪಟ್ಟಿ, ನೋವಿನ ಮಾತ್ರೆ. ಬಹುಪಾಲು ಜನರಲ್ಲಿ ತೊಂದರೆ ಕತ್ತಿನ ಡಿಸ್ಕಿನಲ್ಲೋ ಮಣಿಕಟ್ಟಿನಲ್ಲೋ ಇರುವುದೂ ನಿಜವೇ. ಕೆಲವರಲ್ಲಿ ಮಾತ್ರ ನರ ಅದುಮಿಕೊಂಡಿರುವುದು ಈ ಎರಡರ ನಡುವೆ, ಕೊರಳೆಲುಬಿನ ಹಿಂದಿನ ಕಿರಿದಾದ ಸಂದಿಯಲ್ಲಿ. ಅದಕ್ಕೆ ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಎಂಬ ಹೆಸರಿದೆ. ಈ ಒಂದು ಹೆಸರಿನ ಕೆಳಗೆ ಎರಡು ಬೇರೆ ಬೇರೆ ಸ್ಥಿತಿಗಳು ಸೇರಿಕೊಂಡಿವೆ ಎಂಬುದು ನನ್ನ ವಾದ. ಒಂದರಲ್ಲಿ ಶಸ್ತ್ರಚಿಕಿತ್ಸೆ ತಡವಾದರೆ ಕೈ ಹಾಳಾಗುತ್ತದೆ. ಇನ್ನೊಂದರಲ್ಲಿ ಅವಸರಪಟ್ಟು ಮಾಡಿದ ಶಸ್ತ್ರಚಿಕಿತ್ಸೆಯೇ ಕೈಯನ್ನು ಹಾಳುಮಾಡಬಹುದು.

ತೋಳಿಗೆ ಹೋಗುವ ನರಗಳೆಲ್ಲ ಕತ್ತಿನ ಕೆಳಭಾಗದ ನಾಲ್ಕು ನರಬೇರುಗಳಿಂದಲೂ ಎದೆಯ ಮೊದಲ ನರಬೇರಿನಿಂದಲೂ ಹುಟ್ಟಿ ಬ್ರೇಕಿಯಲ್ ಪ್ಲೆಕ್ಸಸ್ ಎಂಬ ಜಾಲವಾಗಿ ಹೆಣೆದುಕೊಳ್ಳುತ್ತವೆ. ಈ ಜಾಲ ಹಾಯುವುದು ಒಂದು ತ್ರಿಕೋನದ ಮೂಲಕ: ಮುಂದೆ ಒಂದು ಸ್ಕೇಲೀನ್ ಸ್ನಾಯು, ಹಿಂದೆ ಇನ್ನೊಂದು, ಕೆಳಗೆ ಮೊದಲ ಪಕ್ಕೆಲುಬು. ತೋಳಿಗೆ ರಕ್ತ ಒಯ್ಯುವ ಸಬ್‌ಕ್ಲೇವಿಯನ್ ಅಪಧಮನಿಯದೂ ಅದೇ ದಾರಿ. ಅಭಿಧಮನಿ ಮಾತ್ರ ಮುಂದಿನ ಸ್ನಾಯುವಿನ ಆಚೆಯಿಂದ ಹೋಗುತ್ತದೆ. ಎದೆಯ ಮೊದಲ ನರಬೇರು ಕೆಳಗಿನಿಂದ ಮೇಲೇರಿ ಪಕ್ಕೆಲುಬಿನ ಮೇಲೆ ಬಾಗಿ ತೋಳಿಗಿಳಿಯಬೇಕು. ಅಲ್ಲೊಂದು ಹೆಚ್ಚುವರಿ ಎಲುಬೋ ಬಿಗಿಯಾದ ನಾರುಪಟ್ಟಿಯೋ ಇದ್ದರೆ, ಬಾವಿಯ ಹಗ್ಗ ಕಟ್ಟೆಯ ಅಂಚಿಗೆ ಸವೆಯುವಂತೆ ನರ ಸವೆಯುತ್ತದೆ. ಅಂಗೈಯ ಸಣ್ಣ ಸ್ನಾಯುಗಳನ್ನು ಆಡಿಸುವ ಎಳೆಗಳು ಈ ಬೇರಿನಲ್ಲೇ ಹೆಚ್ಚು. ಅದಕ್ಕೇ ಕುತ್ತಿಗೆಯ ಬುಡದಲ್ಲಿ ಆದ ಪೆಟ್ಟು ಅಂಗೈಯಲ್ಲಿ ಕಾಣುತ್ತದೆ.

ಕತ್ತಿನ ಪಕ್ಕೆಲುಬು ಎಂಬ ಹೆಚ್ಚುವರಿ ಎಲುಬು ನೂರರಲ್ಲಿ ಒಬ್ಬರಿಗೋ ಅದಕ್ಕೂ ಕಡಿಮೆ ಜನರಿಗೋ ಇರುತ್ತದೆ. ಅವರಲ್ಲೂ ಹೆಚ್ಚಿನವರಿಗೆ ಆಯುಷ್ಯವಿಡೀ ಏನೂ ಆಗುವುದಿಲ್ಲ. ಆದರೂ ಶಸ್ತ್ರವೈದ್ಯರ ಕಣ್ಣು ಮೊದಲು ಬಿದ್ದದ್ದು ಅದರ ಮೇಲೆಯೇ. 1861ರಲ್ಲಿ ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂಸ್ ಆಸ್ಪತ್ರೆಯಲ್ಲಿ ಹೋಮ್ಸ್ ಕೂಟ್ ಕತ್ತಿನ ಏಳನೆಯ ಕಶೇರುಕದಿಂದ ಬೆಳೆದಿದ್ದ ಎಲುಬಿನ ಚಾಚನ್ನು ಕತ್ತರಿಸಿ ತೆಗೆದರು. ಆಗ ಎಕ್ಸ್-ರೇ ಇರಲಿಲ್ಲ, ಲಿಸ್ಟರ್ ಅವರ ನಂಜುನಿರೋಧಕ ವಿಧಾನವೂ ಬಂದಿರಲಿಲ್ಲ. ಬೆರಳಿಗೆ ತಾಕಿದ ಗಂಟಿನ ಭರವಸೆಯಲ್ಲೇ ಅವರು ಕತ್ತಿ ಹಿಡಿದಿದ್ದರು. 1910ರಲ್ಲಿ ಮೆಲ್ಬರ್ನ್‌ನ ಥಾಮಸ್ ಮರ್ಫಿ, ಹೆಚ್ಚುವರಿ ಎಲುಬೇ ಇಲ್ಲದ ಕಡೆ ಸಹಜವಾದ ಮೊದಲ ಪಕ್ಕೆಲುಬನ್ನು ತೆಗೆದರು. 1916ರಲ್ಲಿ ವಿಲಿಯಂ ಹಾಲ್‌ಸ್ಟೆಡ್ ಕತ್ತಿನ ಪಕ್ಕೆಲುಬಿನ 716 ಪ್ರಕರಣಗಳನ್ನು ಒಟ್ಟುಹಾಕಿ, ಒತ್ತಡದ ಜಾಗ ದಾಟಿದ ಮೇಲೆ ಅಪಧಮನಿ ಊದಿಕೊಳ್ಳುವುದನ್ನು ಚರ್ಚಿಸಿದರು. 1927ರಲ್ಲಿ ಮೇಯೊ ಕ್ಲಿನಿಕ್ಕಿನ ಆಡ್ಸನ್ ಮತ್ತು ಕಾಫಿ ಎಲುಬಿನ ಗೊಡವೆಯೇ ಬೇಡ, ಮುಂದಿನ ಸ್ಕೇಲೀನ್ ಸ್ನಾಯುವನ್ನು ಕತ್ತರಿಸಿದರೆ ಸಾಕು ಎಂದರು. ಹೀಗೆ ಅಪರಾಧಿ ಒಮ್ಮೆ ಎಲುಬು, ಒಮ್ಮೆ ಸ್ನಾಯು, ಇನ್ನೊಮ್ಮೆ ಕೊರಳೆಲುಬಿನ ಕೆಳಗಿನ ಸಂದಿ ಎಂದು ಬದಲಾಗುತ್ತ ಹೋಯಿತು. ಒಂದೊಂದು ಕಡೆಗೂ ಒಂದೊಂದು ಸಿಂಡ್ರೋಮ್ ಹುಟ್ಟಿತು.

1956ರಲ್ಲಿ ಪೀಟ್ ಮತ್ತು ಸಂಗಡಿಗರು ಇವೆಲ್ಲವನ್ನೂ ಒಂದೇ ಹೆಸರಿನಡಿ ತಂದರು. ಆ ಲೇಖನದ ವಿಷಯ ಶಸ್ತ್ರಚಿಕಿತ್ಸೆಯಲ್ಲ, ವ್ಯಾಯಾಮ ಚಿಕಿತ್ಸೆಯ ಪರಿಶೀಲನೆ ಎಂಬುದನ್ನು ಮರೆಯಬಾರದು. ಹೆಸರು ಉಳಿಯಿತು, ವ್ಯಾಯಾಮ ಹಿಂದೆ ಬಿತ್ತು. 1962ರಲ್ಲಿ ಕ್ಲಾಗೆಟ್ ಬೆನ್ನ ಕಡೆಯಿಂದ ಮೊದಲ ಪಕ್ಕೆಲುಬು ತೆಗೆಯುವುದನ್ನು ಪ್ರತಿಪಾದಿಸಿದರು. 1966ರಲ್ಲಿ ಡೆನ್ವರ್‌ನ ಡೇವಿಡ್ ರೂಸ್ ಕಂಕುಳಿನ ದಾರಿ ತೋರಿಸಿದರು. ಕಂಕುಳಿನ ಗಾಯದ ಗುರುತು ಹೊರಗೆ ಕಾಣದು, ದೊಡ್ಡ ಸ್ನಾಯುಗಳನ್ನು ಕೊಯ್ಯಬೇಕಿಲ್ಲ. ಅಮೆರಿಕದಲ್ಲಿ ಈ ಶಸ್ತ್ರಚಿಕಿತ್ಸೆ ಬಹಳ ಬೇಗ ಹಬ್ಬಿತು.

ಇದಕ್ಕೆ ತದ್ವಿರುದ್ಧವಾದ ತಾಳ್ಮೆಯ ಕೆಲಸ 1970ರಲ್ಲಿ ಪ್ರಕಟವಾಯಿತು. ಲಂಡನ್ನಿನ ನರವೈದ್ಯ ರೋಜರ್ ಗಿಲಿಯಟ್ ಮತ್ತು ಸಂಗಡಿಗರು, ಕತ್ತಿನ ಪಕ್ಕೆಲುಬು ಅಥವಾ ನಾರುಪಟ್ಟಿಯಿಂದ ಕೈ ಸೊರಗಿದವರನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿ ಬರೆದಿಟ್ಟರು. ಅಂಥ ಕೈಯನ್ನು ಒಮ್ಮೆ ಸರಿಯಾಗಿ ನೋಡಿದವರು ಮತ್ತೆ ಮರೆಯುವುದಿಲ್ಲ. ಎರಡೂ ಅಂಗೈಗಳನ್ನು ಬೆಳಕಿಗೆ ಹಿಡಿಸಿದರೆ ಒಂದರಲ್ಲಿ ಹೆಬ್ಬೆರಳ ಬುಡದ ದಿಂಬು ಹೊರ ಅಂಚಿನಲ್ಲಿ ಇಳಿದು ಹಳ್ಳವಾಗಿರುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವಿನ ತೊಗಲೂ ಒಳಗೆ ಬಿದ್ದಿರುತ್ತದೆ. ರವಿಕೆಯ ಹುಕ್ಕು ಹಾಕುವುದು, ಸೂಜಿ ಹಿಡಿಯುವುದು ಕಷ್ಟ. ಜೋಮು ಇರುವುದು ಮಾತ್ರ ಹೆಬ್ಬೆರಳ ಕಡೆಯಲ್ಲ. ಕಿರುಬೆರಳಲ್ಲಿ ಮತ್ತು ಮುಂದೋಳಿನ ಒಳಮೈಯಲ್ಲಿ. ಸ್ನಾಯು ಸೊರಗಿದ್ದು ಒಂದು ಅಂಚು, ಸ್ಪರ್ಶ ಕುಂದಿದ್ದು ಇನ್ನೊಂದು ಅಂಚು. ಮಣಿಕಟ್ಟಿನ ಕಾರ್ಪಲ್ ಟನಲ್‌ನಲ್ಲಿ ಹೀಗಾಗಲು ಸಾಧ್ಯವಿಲ್ಲ. ನರವಹನ ಪರೀಕ್ಷೆಯೂ ಇದನ್ನೇ ಹೇಳುತ್ತದೆ: ಮೀಡಿಯನ್ ನರದ ಚಲನಸಂಕೇತ ಕುಗ್ಗಿರುತ್ತದೆ, ಆದರೆ ಅದೇ ನರದ ಸ್ಪರ್ಶಸಂಕೇತ ಚೆನ್ನಾಗಿರುತ್ತದೆ, ಅಲ್ನರ್ ನರದ ಮತ್ತು ಮುಂದೋಳಿನ ಒಳಮೈಯ ನರದ ಸ್ಪರ್ಶಸಂಕೇತಗಳು ಕುಗ್ಗಿರುತ್ತವೆ. ಈ ಕೊನೆಯ ನರವನ್ನು ಪರೀಕ್ಷಿಸಲು ಹತ್ತು ನಿಮಿಷವೂ ಬೇಡ. ಆದರೂ ಮಾಮೂಲಿ ವರದಿಗಳಲ್ಲಿ ಅದು ಬಿಟ್ಟುಹೋಗುವುದೇ ಹೆಚ್ಚು. ಇದು ನನ್ನನ್ನು ಕಾಡುವ ವಿಷಯ, ಏಕೆಂದರೆ ಆ ಒಂದು ಸಾಲು ಇಲ್ಲದೆ ಮಣಿಕಟ್ಟಿಗೆ ಅನಗತ್ಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಕೈ ಇನ್ನಷ್ಟು ಸೊರಗುವವರೆಗೆ ಕಾಯಬೇಕಾಗುತ್ತದೆ.

ನಮ್ಮ ನಾಡಿನಲ್ಲಿ ಸೊರಗಿದ ಕೈ ಕಂಡಾಗ ಇನ್ನೂ ಕೆಲವನ್ನು ನೆನೆಯಬೇಕು. ಕುಷ್ಠರೋಗದಲ್ಲಿ ಮೊಣಕೈ ಹಿಂದೆ ಅಲ್ನರ್ ನರ ಹುರಿಯಂತೆ ದಪ್ಪವಾಗಿ ಬೆರಳಿಗೆ ಸಿಗುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ತುದಿಯ ಗಡ್ಡೆ ಇದೇ ನರಬೇರನ್ನು ಹಿಡಿಯಬಲ್ಲದು. ಎದೆಯ ಎಕ್ಸ್-ರೇ ಇಲ್ಲದೆ ಮುಂದುವರಿಯುವುದು ಅಪಾಯ. ಹರೆಯದ ಗಂಡುಮಕ್ಕಳಲ್ಲಿ ನೋವಿಲ್ಲದೆ, ಜೋಮಿಲ್ಲದೆ ಒಂದೇ ಕೈ ಸೊರಗುವ ಕಾಯಿಲೆಯೂ ಇದೆ. ಜಪಾನಿನ ಹಿರಯಾಮ ಅದನ್ನು 1959ರಲ್ಲೇ ವರ್ಣಿಸಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಿಂದ ಎಂ. ಗೌರಿ ದೇವಿ ಮತ್ತು ಸಂಗಡಿಗರು 1984ರಲ್ಲಿ ಮಾನೊಮೆಲಿಕ್ ಅಮಯೋಟ್ರಫಿ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅಂಥವರ ಪಕ್ಕೆಲುಬು ತೆಗೆದು ಪ್ರಯೋಜನವಿಲ್ಲ.

ಗಿಲಿಯಟ್ ಕಂಡ ಈ ಮೊದಲ ಬಗೆ ಅಪರೂಪ. ಹತ್ತು ಲಕ್ಷಕ್ಕೊಬ್ಬರು ಎಂಬುದು ವಾಡಿಕೆಯ ಅಂದಾಜು. ಆದರೆ ಅಲ್ಲಿ ಶಸ್ತ್ರಚಿಕಿತ್ಸೆಗೆ ತಡಮಾಡಬಾರದು, ಕಾರಣ ಸರಳ ಲೆಕ್ಕ. ಕಡಿದುಹೋದ ನರದ ಎಳೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಕುತ್ತಿಗೆಯ ಬುಡದಿಂದ ಅಂಗೈಗೆ ಸುಮಾರು 600ರಿಂದ 700 ಮಿಲಿಮೀಟರ್ ದೂರ, ಅಂದರೆ ಎರಡು ವರ್ಷದ ಹಾದಿ. ನರದ ಸಂಪರ್ಕ ತಪ್ಪಿದ ಸ್ನಾಯು ಒಂದು, ಒಂದೂವರೆ ವರ್ಷದಾಚೆ ಮತ್ತೆ ಜೀವ ಹಿಡಿಯುವುದು ಕಷ್ಟ. ನರ ಬಂದು ಮುಟ್ಟುವ ಹೊತ್ತಿಗೆ ಸ್ನಾಯುವೇ ಉಳಿದಿರುವುದಿಲ್ಲ. ನಾರುಪಟ್ಟಿ ಕತ್ತರಿಸಿದರೆ ನೋವು ಇಳಿಯುತ್ತದೆ, ಸೊರಗುವುದು ನಿಲ್ಲುತ್ತದೆ. ಬಿದ್ದ ಹಳ್ಳ ಮಾತ್ರ ಹಾಗೇ ಉಳಿಯುತ್ತದೆ.

ಎರಡನೆಯ ಬಗೆಯಲ್ಲಿ ನೋವಿದೆ, ಜೋಮಿದೆ, ಆದರೆ ಸ್ನಾಯು ಸೊರಗಿಲ್ಲ, ನರವಹನ ಪರೀಕ್ಷೆ ಸರಿಯಿದೆ. ಥೊರಾಸಿಕ್ ಔಟ್‌ಲೆಟ್ ಎಂದು ಚೀಟಿ ಬರೆಸಿಕೊಳ್ಳುವವರಲ್ಲಿ ಬಹುಪಾಲು ಇವರೇ. ಕತ್ತು ತಿರುಗಿಸಿ ಉಸಿರು ಹಿಡಿದಾಗ ನಾಡಿ ನಿಲ್ಲುತ್ತದೆಯೇ ಎಂದು ನೋಡುವ ಆಡ್ಸನ್ ಪರೀಕ್ಷೆಯನ್ನು ನಂಬಿ ಎಲುಬು ತೆಗೆದ ಕಾಲವೊಂದಿತ್ತು. ಆರೋಗ್ಯವಂತರಲ್ಲೂ ಎಷ್ಟೋ ಜನರಿಗೆ ಹಾಗೆ ನಾಡಿ ನಿಲ್ಲುತ್ತದೆ. ಎರಡೂ ಕೈ ಮೇಲೆತ್ತಿ ಮೂರು ನಿಮಿಷ ಮುಷ್ಟಿ ಬಿಚ್ಚಿ ಮುಚ್ಚುವ ರೂಸ್ ಪರೀಕ್ಷೆ ಅದಕ್ಕಿಂತ ಮೇಲು, ಆದರೆ ಅದೊಂದೇ ಸಾಲದು. 1990ರಲ್ಲಿ ಒಂದೇ ನರವಿಜ್ಞಾನ ಪತ್ರಿಕೆಯಲ್ಲಿ ರೂಸ್ ಈ ಕಾಯಿಲೆಯನ್ನು ಕಡೆಗಣಿಸಲಾಗುತ್ತಿದೆ ಎಂದೂ, ಆಸಾ ವಿಲ್‌ಬೋರ್ನ್ ಇಲ್ಲದವರಲ್ಲೂ ಇದೆ ಎನ್ನಲಾಗುತ್ತಿದೆ ಎಂದೂ ಎದುರುಬದುರಾಗಿ ವಾದಿಸಿದರು. ಪಕ್ಕೆಲುಬು ತೆಗೆಸಿಕೊಂಡ ಮೇಲೆ ನರಜಾಲವೇ ಗಾಯಗೊಂಡ ರೋಗಿಗಳನ್ನು ವಿಲ್‌ಬೋರ್ನ್ ತಮ್ಮ ಪ್ರಯೋಗಾಲಯದಲ್ಲಿ ಕಂಡಿದ್ದರು. 2000ದಲ್ಲಿ ಪ್ರಕಟವಾದ ವಾಷಿಂಗ್ಟನ್ ರಾಜ್ಯದ ಕಾರ್ಮಿಕರ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯಾಗಿ ವರ್ಷ ಕಳೆದರೂ ಶೇ 60ರಷ್ಟು ಮಂದಿ ಕೆಲಸಕ್ಕೆ ಅಸಮರ್ಥರಾಗಿಯೇ ಇದ್ದರು.

ಹಾಗೆಂದು ಇವರ ನೋವನ್ನು ಮನಸ್ಸಿನ ಭ್ರಮೆ ಎಂದು ತಳ್ಳಿಹಾಕುವುದು ಕ್ರೂರ, ಅವೈಜ್ಞಾನಿಕ ಕೂಡ. 2016ರಲ್ಲಿ ಅಮೆರಿಕದ ರಕ್ತನಾಳ ಶಸ್ತ್ರವೈದ್ಯರ ಸಂಘ ಒಪ್ಪಿದ ಮಾನದಂಡದಲ್ಲಿ ನಾಲ್ಕು ಅಂಶಗಳಿವೆ: ಸ್ಕೇಲೀನ್ ಜಾಗದಲ್ಲಿ ಒತ್ತಿದರೆ ನೋವು, ಕೈಯಲ್ಲಿ ಲಕ್ಷಣಗಳು, ಬೇರೆ ಕಾಯಿಲೆ ಇಲ್ಲವೆಂಬ ಖಾತ್ರಿ, ಸ್ಕೇಲೀನ್ ಸ್ನಾಯುವಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟಾಗ ಸಿಗುವ ಉಪಶಮನ. ಮೂರಾದರೂ ಇರಬೇಕು. 2022ರಲ್ಲಿ ನೆದರ್ಲೆಂಡ್ಸ್‌ನಿಂದ ಬಂದ ಪ್ರಯೋಗದಲ್ಲಿ, ಇತರ ಚಿಕಿತ್ಸೆಗೆ ಬಗ್ಗದ 50 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಕಂಕುಳಿನ ಮೂಲಕ ಶಸ್ತ್ರಚಿಕಿತ್ಸೆ ಮಾಡಿದರು, ಇನ್ನೊಂದಕ್ಕೆ ಹಳೆಯ ಚಿಕಿತ್ಸೆ ಮುಂದುವರಿಸಿದರು. ಮೂರು ತಿಂಗಳಲ್ಲಿ ಶಸ್ತ್ರಚಿಕಿತ್ಸೆಯವರ ಕೈ ಸ್ಪಷ್ಟವಾಗಿ ಮೇಲಾಗಿತ್ತು. ಅವಧಿ ಚಿಕ್ಕದು, ಯಾರಿಗೆ ಏನು ಮಾಡಲಾಗಿದೆ ಎಂಬುದು ರೋಗಿಗಳಿಗೆ ಗೊತ್ತಿತ್ತು. ಆದರೂ ಸರಿಯಾಗಿ ಆಯ್ದವರಿಗೆ ಲಾಭವಿದೆ ಎಂಬುದಕ್ಕೆ ಇದು ಗಟ್ಟಿ ಆಧಾರ. ಇಂಥವರಿಗೆ ಮೊದಲು ಮೂರರಿಂದ ಆರು ತಿಂಗಳು ಬಲ್ಲವರಿಂದ ಫಿಸಿಯೋಥೆರಪಿ, ಆಮೇಲೆ ಚುಚ್ಚುಮದ್ದಿನ ಪರೀಕ್ಷೆ, ಅದಾದ ಮೇಲೇ ಕತ್ತಿ ಎಂಬುದು ನನ್ನ ನಿಲುವು.

ಇಂದು ಅನೇಕ ಶಸ್ತ್ರವೈದ್ಯರು ಕೊರಳೆಲುಬಿನ ಮೇಲಿನ ದಾರಿಯನ್ನೇ ಆರಿಸುತ್ತಾರೆ, ಏಕೆಂದರೆ ನರಗಳು ಕಣ್ಣೆದುರೇ ಇರುತ್ತವೆ. ಎಲುಬಿಗೆ ಎರಡು ಬೆರಳು ಮೇಲೆ ಅಡ್ಡ ಕೊಯ್ದು, ಹಳದಿ ಕೊಬ್ಬಿನ ಪದರವನ್ನು ಪಕ್ಕಕ್ಕೆ ಸರಿಸಿದರೆ ಮುಂದಿನ ಸ್ಕೇಲೀನ್ ಸ್ನಾಯು. ಅದರ ಮೈಮೇಲೆ ಓರೆಯಾಗಿ ಇಳಿಯುವ ಬಿಳಿಯ ದಾರವೇ ಫ್ರೆನಿಕ್ ನರ. ಅದಕ್ಕೆ ಪೆಟ್ಟಾದರೆ ವಪೆಯ ಅರ್ಧ ನಿಂತುಹೋಗುತ್ತದೆ. ಅದನ್ನು ಮೆಲ್ಲಗೆ ಸರಿಸಿ ಸ್ನಾಯುವನ್ನು ಪಕ್ಕೆಲುಬಿನಿಂದ ಬಿಡಿಸಬೇಕು. ಹಿಂದಿನ ಸ್ನಾಯುವಿನೊಳಗೆ ಉದ್ದನೆಯ ಥೊರಾಸಿಕ್ ನರ ಹುದುಗಿರುತ್ತದೆ. ಅದು ಹೋದರೆ ಹೆಗಲ ಹಲಗೆ ರೆಕ್ಕೆಯಂತೆ ಎದ್ದುನಿಲ್ಲುತ್ತದೆ. ಎಡಗಡೆಯಾದರೆ ಥೊರಾಸಿಕ್ ಡಕ್ಟ್ ಒಡೆದು ಹಾಲಿನಂಥ ದ್ರವ ಒಸರುವ ಭಯ. ಕೊನೆಗೆ ಗಾಯಕ್ಕೆ ಸಲೈನ್ ತುಂಬಿಸಿ, ಅರಿವಳಿಕೆ ತಜ್ಞರು ಶ್ವಾಸಕೋಶ ಉಬ್ಬಿಸುವಾಗ ಗುಳ್ಳೆ ಏಳುತ್ತದೆಯೇ ಎಂದು ಎಲ್ಲರೂ ನೋಡುತ್ತಾರೆ. ಎದ್ದರೆ ಶ್ವಾಸಕೋಶದ ಪೊರೆಯಾದ ಪ್ಲೂರಾ ಹರಿದಿದೆ, ಕೊಳವೆ ಇಡಬೇಕು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮುನ್ನ ಇವೆಲ್ಲವನ್ನೂ ರೋಗಿಗೆ ಅವರ ಮಾತಿನಲ್ಲೇ ಹೇಳಬೇಕು. ಸೊರಗಿದ ಕೈಯವರಿಗೆ, "ನೋವು ಇಳಿಯುತ್ತಮ್ಮ, ಕೈ ಇನ್ನು ಸೊರಗಲ್ಲ, ಆದರೆ ಈ ಹಳ್ಳ ತುಂಬಲ್ಲ" ಎಂದು ಅವರ ಹೆಬ್ಬೆರಳ ಬುಡ ಮುಟ್ಟಿ ತೋರಿಸಿಯೇ ಹೇಳಬೇಕು. ಸೂಜಿ ಹಿಡಿದು ದುಡಿಯುವವರಾದರೆ ಹೆಬ್ಬೆರಳ ಬಲಕ್ಕೆ ಮುಂದೆ ಸ್ನಾಯುರಜ್ಜು ಸ್ಥಳಾಂತರದ ಶಸ್ತ್ರಚಿಕಿತ್ಸೆ ಇದೆ ಎಂಬುದನ್ನೂ ಅದೇ ದಿನ ತಿಳಿಸಬೇಕು.