ಕಿರುತೆರೆಯ ಪರಿಕರ, ಗುಜರಿಯ ಬಿಡಿಭಾಗ

ನಾಟಕದಲ್ಲಾಗಲಿ ಕಿರುತೆರೆಯಲ್ಲಾಗಲಿ ಪಾತ್ರಧಾರಿ ಕೈಯಲ್ಲಿ ಹಿಡಿದು ಬಳಸುವ ವಸ್ತುವಿಗೆ ಪರಿಕರವೆಂದು ಹೆಸರು. ಭೀಮನ ಗದೆ, ನಾರದನ ತಂಬೂರಿ, ಪತ್ತೇದಾರನ ಟೆಲಿಫೋನು ಎಲ್ಲವೂ ಪರಿಕರಗಳೇ. ತೆರೆಯ ಮೇಲೆ ಕಂಡ ಅಂಥ ಒಂದು ವಸ್ತುವನ್ನು ಅಳತೆ, ಬಣ್ಣ, ತಿರುಪಿನ ತಲೆ ಯಾವುದೂ ತಪ್ಪದಂತೆ ಮತ್ತೆ ಕಟ್ಟುವುದು ಇಂದು ಹಲವು ದೇಶಗಳಲ್ಲಿ ಬೆಳೆದಿರುವ ಹವ್ಯಾಸ. ಸಿಡ್ನಿ, ಮೆಲ್ಬರ್ನ್ ನಗರಗಳ ಗ್ಯಾರೇಜುಗಳಲ್ಲಿಯೂ ಈ ಕೆಲಸ ನಡೆಯುತ್ತದೆ. ಇದರಲ್ಲಿ ಕಟ್ಟುವ ಶ್ರಮಕ್ಕಿಂತ ಹುಡುಕುವ ಶ್ರಮ ದೊಡ್ಡದು. ಒಂದು ವಾರಾಂತ್ಯದಲ್ಲಿ ಮುಗಿಯಬಹುದಾದ ಪ್ರತಿಕೃತಿ ಒಂದೇ ಒಂದು ನಾಬಿಗಾಗಿ ವರ್ಷಗಟ್ಟಲೆ ನಿಂತುಬಿಡುತ್ತದೆ. ಆ ನಾಬು ಏಕೆ ಸಿಗುವುದಿಲ್ಲ, ಎಲ್ಲಿ ಸಿಗಬಹುದು, ಸಿಕ್ಕ ಮೇಲೆ ಅದನ್ನು ಏನು ಮಾಡಬೇಕು ಎಂಬುದು ಈ ಲೇಖನದ ವಿಷಯ.

ಸಿಗದಿರುವುದಕ್ಕೆ ಮೂಲ ಕಾರಣ ಸರಳವಾಗಿದೆ. ಪರಿಕರದ ಭಾಗಗಳಲ್ಲಿ ಬಹಳಷ್ಟು ಪರಿಕರಕ್ಕಾಗಿ ತಯಾರಾದವುಗಳೇ ಅಲ್ಲ. ಹಣವೂ ಸಮಯವೂ ಇಲ್ಲದ ಕಲಾವಿಭಾಗ ಅಂದು ಅಂಗಡಿಯಲ್ಲಿದ್ದುದನ್ನು ತಂದು ಜೋಡಿಸಿತು. ಬಿಬಿಸಿಯ ‘ಡಾಕ್ಟರ್ ಹೂ’ ಸರಣಿಯ ಡಾಲೆಕ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಟೆರ್ರಿ ನೇಷನ್ ಬರೆದ ಕಥೆಗೆ ರೇಮಂಡ್ ಕ್ಯೂಸಿಕ್ ಅದರ ರೂಪ ಕಲ್ಪಿಸಿದರು. ಅಕ್ಸ್‌ಬ್ರಿಜ್‌ನ ಶಾಕ್ರಾಫ್ಟ್ ಸಂಸ್ಥೆ ಕಟ್ಟಿಕೊಟ್ಟಿತು. 1963ರ ಡಿಸೆಂಬರ್ 21ರ ಕಂತಿನ ಕೊನೆಯಲ್ಲಿ ಪ್ರೇಕ್ಷಕರಿಗೆ ಕಂಡದ್ದು ಆ ಯಂತ್ರಜೀವಿಯ ಒಂದು ಕೈ ಮಾತ್ರ. ಆ ಕೈ, ಅಡುಗೆಮನೆಯ ಸಿಂಕು ಕಟ್ಟಿಕೊಂಡಾಗ ಒತ್ತುವ ರಬ್ಬರ್ ಪ್ಲಂಜರ್! ಅಮೆರಿಕದ ‘ಸ್ಟಾರ್ ಟ್ರೆಕ್’ನಲ್ಲಿಯೂ ಹೀಗೆಯೇ. 1966ರಲ್ಲಿ ಮೊದಲು ಪ್ರಸಾರವಾದ ಕಂತಿನ ಕಥೆ ಉಪ್ಪಿಗಾಗಿ ಹಾತೊರೆಯುವ ಒಂದು ಜೀವಿಯನ್ನು ಕುರಿತದ್ದು. ಅದಕ್ಕಾಗಿ ತಂದ ಹೊಸ ಮಾದರಿಯ ಉಪ್ಪಿನ ಡಬ್ಬಿಗಳು ಉಪ್ಪಿನ ಡಬ್ಬಿಗಳಂತೆ ಕಾಣಲೇ ಇಲ್ಲ. ಆದ್ದರಿಂದ ಅವು ಡಾಕ್ಟರ್ ಮೆಕಾಯ್ ಪಾತ್ರದ ವೈದ್ಯಕೀಯ ಉಪಕರಣಗಳಾದವು. ಅದೇ ಸರಣಿಯ ಸಂಪರ್ಕಯಂತ್ರವನ್ನು ಕಟ್ಟಿದವರು ವಾ ಚಾಂಗ್. ಮುಚ್ಚಳ ತೆರೆದಾಗ ಒಳಗೆ ಸುತ್ತುವ ಗೆರೆಗಳ ಚಿತ್ತಾರ ಕಾಣುತ್ತದಲ್ಲ, ಅದನ್ನು ತಿರುಗಿಸಿದ್ದು ಕೀಲಿ ಕೊಡುವ ಒಂದು ಸ್ಟಾಪ್‌ವಾಚಿನ ಯಂತ್ರ. ಚಾಂಗ್ ಅವರ ಹೆಸರು ಮಾತ್ರ ತೆರೆಯ ಮೇಲೆ ಬರಲಿಲ್ಲ.

ಹೀಗಾಗಿ ಪ್ರತಿಕೃತಿ ಕಟ್ಟುವವನು ಹುಡುಕಬೇಕಾದದ್ದು ಯಾವುದೋ ಅದ್ಭುತ ಲೋಕದ ವಸ್ತುವನ್ನಲ್ಲ. ಅರುವತ್ತು ವರ್ಷಗಳ ಹಿಂದಿನ ಸಾಮಾನ್ಯ ಮನೆಯ ಸಾಮಾನ್ಯ ವಸ್ತುವನ್ನು. ಸಾಮಾನ್ಯವಾದದ್ದನ್ನು ಯಾರೂ ಜೋಪಾನ ಮಾಡುವುದಿಲ್ಲವಾದ್ದರಿಂದ ಅದೇ ಎಲ್ಲಕ್ಕಿಂತ ಮೊದಲು ಕಣ್ಮರೆಯಾಗುತ್ತದೆ. ಡಾಲೆಕ್‌ನ ಕೆಳಭಾಗದ 56 ಅರ್ಧಗೋಳಗಳನ್ನು ಇಂದು ಮರದ ಅಚ್ಚಿನ ಮೇಲೆ ಬಿಸಿ ಪ್ಲಾಸ್ಟಿಕ್ ಹಾಳೆ ಎಳೆದು ಮಾಡಿಕೊಳ್ಳಬಹುದು. ಆದರೆ ಸರಿಯಾದ ಬಟ್ಟಲಿನಾಕಾರದ ಪ್ಲಂಜರ್ ಹುಡುಕುವುದು ಅಷ್ಟು ಸುಲಭವಲ್ಲ, ಏಕೆಂದರೆ ಈಗಿನ ಅಂಗಡಿಗಳಲ್ಲಿ ಶೌಚಾಲಯಕ್ಕೆಂದು ಒಳಗೆ ಇನ್ನೊಂದು ಮಡಿಕೆಯಿರುವ ಪ್ಲಂಜರ್‌ಗಳೇ ಎದುರಾಗುತ್ತವೆ.

ಆಸ್ಟ್ರೇಲಿಯದ ಹವ್ಯಾಸಿಗೆ ಇನ್ನೊಂದು ತೊಡಕೂ ಇದೆ: ನೆನಪಿನ ಬಣ್ಣ. ಇಲ್ಲಿ ಟೆಲಿವಿಷನ್ ಪ್ರಸಾರ ಸಿಡ್ನಿಯಲ್ಲಿ 1956ರ ಸೆಪ್ಟೆಂಬರ್ 16ರಂದು ಆರಂಭವಾಯಿತು. ಬಣ್ಣ ಬಂದದ್ದು 1975ರ ಮಾರ್ಚ್ 1ರಂದು. 1965ರ ಜನವರಿಯಲ್ಲಿ ಎಬಿಸಿ ‘ಡಾಕ್ಟರ್ ಹೂ’ ತೋರಿಸಲು ತೊಡಗಿದಾಗ ಜನ ನೋಡಿದ್ದು 16 ಮಿಲಿಮೀಟರ್ ಫಿಲ್ಮಿನ ಕಪ್ಪುಬಿಳುಪು ಪ್ರತಿಗಳನ್ನು. ಡಾಲೆಕ್‌ನ ಮೈ ಬೆಳ್ಳಿಬಣ್ಣದ್ದು, ಗೋಳಗಳು ನೀಲಿ ಎಂಬುದು ಮನೆಯ ಪೆಟ್ಟಿಗೆಯಲ್ಲಿ ಯಾರಿಗೂ ಗೊತ್ತಾಗುವಂತಿರಲಿಲ್ಲ. ಆ ಫಿಲ್ಮುಗಳ ಬಗ್ಗೆ ಒಂದು ವಿಚಿತ್ರವನ್ನು ಇಲ್ಲಿಯೇ ಹೇಳಿಬಿಡಬಹುದು. ಮಕ್ಕಳಿಗೆ ಭಯವಾದೀತೆಂದು ಇಲ್ಲಿನ ಸೆನ್ಸಾರ್ ಅಧಿಕಾರಿಗಳು ಕೆಲವು ದೃಶ್ಯಗಳನ್ನು ಕತ್ತರಿಸಿ ತೆಗೆದಿದ್ದರು. ಮುಂದೆ ಎಷ್ಟೋ ಕಂತುಗಳು ನಾಶವಾದವು. ಕತ್ತರಿಸಿದ ತುಣುಕುಗಳು ಮಾತ್ರ ಕಡತದಲ್ಲಿ ಉಳಿದುಕೊಂಡಿದ್ದು, 1996ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಪತ್ರಾಗಾರದಲ್ಲಿ ಪತ್ತೆಯಾದವು. ನೋಡಬಾರದೆಂದು ಕತ್ತರಿಸಿದ್ದೇ ನೋಡಲು ಉಳಿಯಿತು.

ತಿರುಪು ಮತ್ತು ದಂಡ

ಬಿಡಿಭಾಗ ಕಣ್ಣಿಗೆ ಸರಿಯೆನಿಸಿದರೂ ಕೈಗೆ ಸರಿಬಾರದಿರುವುದು ಹೊಸಬರಿಗೆ ಮೊದಲು ಎದುರಾಗುವ ನಿರಾಶೆ. ಆಸ್ಟ್ರೇಲಿಯ 1970ರಲ್ಲಿ ಮೆಟ್ರಿಕ್ ಪರಿವರ್ತನೆಯ ಕಾಯಿದೆ ಮಾಡಿತು. ಅದಕ್ಕೆ ಹಿಂದಿನ ಯಂತ್ರಗಳಲ್ಲಿ ಬ್ರಿಟಿಷ್ ತಿರುಪುಗಳಿದ್ದವು: ದಪ್ಪ ಕೆಲಸಕ್ಕೆ ವಿಟ್‌ವರ್ತ್, ರೇಡಿಯೊ ಟೆಲಿಫೋನುಗಳ ಸೂಕ್ಷ್ಮ ಕೆಲಸಕ್ಕೆ ಬಿ.ಎ. ಎಂಬ ಬ್ರಿಟಿಷ್ ಅಸೋಸಿಯೇಷನ್ ಮಾದರಿ. ಬಿ.ಎ. ತಿರುಪುಗಳಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಗಾತ್ರ ಕಿರಿದು. 0 ಬಿ.ಎ. 6 ಮಿಲಿಮೀಟರ್, 2 ಬಿ.ಎ. ಸುಮಾರು 4.7, 4 ಬಿ.ಎ. 3.6. ಇವುಗಳ ಹಲ್ಲಿನ ಕೋನ 47.5 ಡಿಗ್ರಿ, ಮೆಟ್ರಿಕ್ ತಿರುಪಿನದು 60. ಹತ್ತಿರದ ಗಾತ್ರವೆಂದು ಮೆಟ್ರಿಕ್ ತಿರುಪನ್ನು ಬಲವಂತವಾಗಿ ಸೇರಿಸಿದರೆ ಹಿತ್ತಾಳೆಯ ಎಳೆ ಸವೆದು, ಹಳೆಯ ಭಾಗ ಎಂದೆಂದಿಗೂ ಕೆಡುತ್ತದೆ. ಅಮೆರಿಕದ ವಸ್ತುಗಳಲ್ಲಿ ಅವರದೇ ಇಂಚಿನ ಎಳೆಗಳಿವೆ. ಆದ್ದರಿಂದ ಮೂಲ ಪರಿಕರ ಯಾವ ದೇಶದ್ದೆಂದು ತಿಳಿದ ಮೇಲೆಯೇ ತಿರುಪಿನ ಡಬ್ಬಿಗೆ ಕೈ ಹಾಕಬೇಕು.

ನಾಬುಗಳ ಕಥೆಯೂ ಇಂಥದೇ. ಹಳೆಯ ಬ್ರಿಟಿಷ್, ಅಮೆರಿಕನ್, ಆಸ್ಟ್ರೇಲಿಯನ್ ನಾಬುಗಳ ರಂಧ್ರ ಕಾಲು ಇಂಚು, ಅಂದರೆ 6.35 ಮಿಲಿಮೀಟರ್, ಇಂದು ಮಾರಾಟವಾಗುವ ಅನೇಕ ನಿಯಂತ್ರಕಗಳ ದಂಡ 6 ಮಿಲಿಮೀಟರ್. ಅಂತರ 0.35 ಮಿಲಿಮೀಟರ್ ಮಾತ್ರ. ಆದರೆ ಆ ಅಂತರದಿಂದ ನಾಬು ಓರೆಯಾಗಿ ಕುಂಟುತ್ತ ತಿರುಗುತ್ತದೆ. ತೆಳು ಹಿತ್ತಾಳೆಯ ಹಾಳೆಯನ್ನು ದಂಡಕ್ಕೆ ಸುತ್ತಿ ಸರಿಪಡಿಸಬಹುದು. ರಂಧ್ರಕ್ಕೆ ಅಂಟು ತುಂಬುವವರೂ ಇದ್ದಾರೆ; ಅದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಆ ನಾಬನ್ನು ಮುಂದೆ ಯಾವ ರೇಡಿಯೊಗೂ ಹಿಂದಿರುಗಿಸಲು ಬಾರದು.

ಬೂಟಿನಲ್ಲಿ ಡಯಲು

1965ರಿಂದ 1970ರವರೆಗೆ ಬಂದ ‘ಗೆಟ್ ಸ್ಮಾರ್ಟ್’ ಎಂಬ ಅಮೆರಿಕನ್ ಹಾಸ್ಯಸರಣಿಯಲ್ಲಿ ಡಾನ್ ಆಡಮ್ಸ್ ನಟಿಸಿದ ಗೂಢಚಾರ ತನ್ನ ಬೂಟನ್ನೇ ಕಳಚಿ ಫೋನು ಮಾಡುತ್ತಾನೆ. ಬೂಟಿನ ಅಟ್ಟೆಯಲ್ಲಿ ತಿರುಗಿಸುವ ಡಯಲಿದೆ. ಪ್ರತಿಕೃತಿಗೆ ಇದಕ್ಕಿಂತ ಸರಳವಾದ ವಸ್ತು ಯಾವುದಿದೆ ಎನಿಸಬಹುದು: ಒಂದು ಹಳೆಯ ಬೂಟು, ಒಂದು ಹಳೆಯ ಡಯಲು. ಆದರೆ ಮೆಲ್ಬರ್ನಿನ ಸಂತೆಯಲ್ಲಿ ಸಿಕ್ಕ ಡಯಲನ್ನು ಹಾಕಿದರೆ ಬಲ್ಲವರು ಕ್ಷಣದಲ್ಲಿ ಗುರುತಿಸುತ್ತಾರೆ. ಹಳೆಯ ಆಸ್ಟ್ರೇಲಿಯನ್ ಡಯಲಿನಲ್ಲಿ ಒಂದು ಅಂಕೆಗೆ ಒಂದೇ ಅಕ್ಷರ: 1ಕ್ಕೆ ಎ, 2ಕ್ಕೆ ಬಿ, 3ಕ್ಕೆ ಎಫ್, 4ಕ್ಕೆ ಜೆ, 5ಕ್ಕೆ ಎಲ್, 6ಕ್ಕೆ ಎಮ್, 7ಕ್ಕೆ ಯು, 8ಕ್ಕೆ ಡಬ್ಲ್ಯು, 9ಕ್ಕೆ ಎಕ್ಸ್, 0ಗೆ ವೈ. ಅಮೆರಿಕನ್ ಡಯಲಿನಲ್ಲಿ 1ಕ್ಕೆ ಅಕ್ಷರವೇ ಇಲ್ಲ. 2ರಿಂದ 9ರವರೆಗೆ ಮೂರು ಮೂರು ಅಕ್ಷರಗಳ ಗುಂಪು. ಅಮೆರಿಕದ ಪರಿಕರಕ್ಕೆ ಅಮೆರಿಕದ ಡಯಲನ್ನೇ ತರಿಸಬೇಕು.

ಬ್ರಿಟಿಷ್ ಸರಣಿಗಳ ಮೇಜಿನ ಮೇಲಿನ ಕಪ್ಪು ಬೇಕಲೈಟ್ ಟೆಲಿಫೋನಿನ ವಿಷಯ ಬೇರೆ. ಆ ವಂಶದ ಉಪಕರಣಗಳನ್ನು ಆಸ್ಟ್ರೇಲಿಯದ ಅಂಚೆ ಇಲಾಖೆ ದಶಕಗಳ ಕಾಲ ಮನೆಮನೆಗೆ ಹಂಚಿತ್ತು. ಮೆಲ್ಬರ್ನಿಗೆ ಹತ್ತಿರದ ಜೀಲಾಂಗ್‌ನಲ್ಲಿ 1912ರಲ್ಲಿಯೇ ಸ್ವಯಂಚಾಲಿತ ವಿನಿಮಯ ಕೇಂದ್ರ ತೆರೆದಿತ್ತು. ಇಲಾಖೆ 1975ರಲ್ಲಿ ಒಡೆದು ಟೆಲಿಕಾಂ ಮತ್ತು ಅಂಚೆ ಎಂದು ಎರಡಾಯಿತು. ಹಳೆಯ ಫೋನುಗಳು ಶೆಡ್ಡು ಸೇರಿದವು. ಕನ್ನಡಿಗ ಹವ್ಯಾಸಿಗೆ ಇಲ್ಲಿ ಒಂದು ಅನುಕೂಲವಿದೆ, ಅದನ್ನು ಬಳಸಿಕೊಂಡವರು ಕಡಿಮೆ. ಬೆಂಗಳೂರಿನ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ 1948ರಲ್ಲಿ ಆರಂಭವಾದದ್ದು ಲಿವರ್‌ಪೂಲಿನ ಆಟೊಮ್ಯಾಟಿಕ್ ಟೆಲಿಫೋನ್ ಅಂಡ್ ಎಲೆಕ್ಟ್ರಿಕ್ ಕಂಪನಿಯ ತಂತ್ರಜ್ಞಾನದ ಒಪ್ಪಂದದಿಂದ. ದೂರವಾಣಿನಗರದಲ್ಲಿ ತಯಾರಾದ ಹಳೆಯ ಫೋನು, ಸಿಡ್ನಿಯ ಶೆಡ್ಡಿನ ಫೋನಿಗೆ ದಾಯಾದಿ. ಡಯಲಿನ ಒಳಯಂತ್ರ, ರಿಸೀವರಿನ ತೊಟ್ಟಿಲು, ಸನ್ನೆಗಳು ಒಂದೇ ಮನೆತನದವು. ಊರಿಗೆ ಹೋದಾಗ ಸಾದರ ಪತ್ರಪ್ಪ ರಸ್ತೆಯ, ಅಂದರೆ ಎಲ್ಲರೂ ಎಸ್.ಪಿ. ರೋಡೆನ್ನುವ ಬೀದಿಯ ಒಳಗಲ್ಲಿಗಳಲ್ಲಿ ಒಂದು ಮಧ್ಯಾಹ್ನ ಕಳೆಯುವುದು ವ್ಯರ್ಥವಾಗದು. ಅಂಗಡಿಯವರಿಗೆ ಇಂಗ್ಲಿಷಿನ ಪಾರಿಭಾಷಿಕ ಹೆಸರು ಹೇಳುವುದಕ್ಕಿಂತ, ಬೇಕಾದ ಭಾಗವನ್ನು ಅಳತೆಪಟ್ಟಿಯ ಪಕ್ಕದಲ್ಲಿಟ್ಟು ತೆಗೆದ ಚಿತ್ರ ತೋರಿಸುವುದು ಲೇಸು. “ಇದೇ ಥರದ್ದು, ಕೆಟ್ಟಿದ್ದರೂ ಪರವಾಗಿಲ್ಲ ಅಣ್ಣ” ಎಂದರೆ ಮಹಡಿಯ ಮೇಲಿನ ಮೂಟೆ ಕೆಳಗಿಳಿಯುತ್ತದೆ.

ಎಲ್ಲಿ ಹುಡುಕುವುದು

ಮೆಲ್ಬರ್ನಿನಲ್ಲಿ ಕ್ಯಾಂಬರ್‌ವೆಲ್‌ನ ಭಾನುವಾರದ ಸಂತೆ 1976ರಿಂದ ನಡೆಯುತ್ತಿದೆ. ಮನೆ ಖಾಲಿ ಮಾಡುವವರ ಡಬ್ಬಿಗಳು ಅಲ್ಲಿಗೆ ಬರುವುದರಿಂದ ಬೆಳಕು ಹರಿಯುವ ಮುನ್ನವೇ ಟಾರ್ಚು ಹಿಡಿದು ಹೋಗುವವರಿದ್ದಾರೆ. ಸಿಡ್ನಿಯ ಮ್ಯಾರಿಕ್‌ವಿಲ್‌ನಲ್ಲಿ ರಿವರ್ಸ್ ಗಾರ್ಬೇಜ್ ಎಂಬ ಸಹಕಾರ ಸಂಸ್ಥೆ ಕಾರ್ಖಾನೆಗಳು ಬಿಸಾಡುವ ವಸ್ತುಗಳನ್ನು ಮಾರುತ್ತದೆ. ಜಾಲರಿ, ಕೊಳವೆ, ವಿಚಿತ್ರಾಕಾರದ ಪ್ಲಾಸ್ಟಿಕ್ಕಿಗೆ ಅದು ಒಳ್ಳೆಯ ಜಾಗ. ಸಿಡ್ನಿಯ ಉತ್ತರಕ್ಕೆ ವಯಾಂಗ್‌ನ ಕುದುರೆ ಜೂಜಿನ ಮೈದಾನದಲ್ಲಿ ಹವ್ಯಾಸಿ ರೇಡಿಯೊದವರು ಸೇರುವ ವಾರ್ಷಿಕ ಮೇಳ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮೇಲು. ಅಲ್ಲಿ ಮಾರುವವರಿಗೆ ತಾವು ಮಾರುವುದೇನೆಂದು ಗೊತ್ತು. 1982ರಲ್ಲಿ ಸ್ಥಾಪಿತವಾದ ಹಿಸ್ಟಾರಿಕಲ್ ರೇಡಿಯೊ ಸೊಸೈಟಿ ಆಫ್ ಆಸ್ಟ್ರೇಲಿಯದ ಸದಸ್ಯರ ಬಳಿ, ಆಶ್‌ಫೀಲ್ಡ್‌ನ ಎಡಬ್ಲ್ಯುಎ ಕಾರ್ಖಾನೆಯಲ್ಲಿ ತಯಾರಾದ ರೇಡಿಯೊಗಳ ಜ್ಞಾನ ಜೀವಂತವಾಗಿದೆ. ಡಿಕ್ ಸ್ಮಿತ್ 1968ರಲ್ಲಿ ಸಿಡ್ನಿಯಲ್ಲಿ ತೆರೆದ ಅಂಗಡಿ ದೇಶವ್ಯಾಪಿಯಾಗಿ ಬೆಳೆದು 2016ರಲ್ಲಿ ಮುಚ್ಚಿತು. ಜೇಕಾರ್‌ನಂಥ ಮಳಿಗೆಗಳಲ್ಲಿ ಹೊಸ ಭಾಗಗಳು ಸಿಗುತ್ತವೆ, ಹಳೆಯವು ಸಿಗುವುದು ಅಪರೂಪ. ಇನ್ನು ಪಾಲಿಕೆಯವರು ದೊಡ್ಡ ಕಸ ಒಯ್ಯುವ ದಿನಗಳಲ್ಲಿ ರಸ್ತೆಬದಿಯ ರಾಶಿಯಿಂದ ಎತ್ತಿಕೊಳ್ಳುವುದಕ್ಕೆ ಪಾಲಿಕೆಗೊಂದು ನಿಯಮವಿರುತ್ತದೆ. ಕೇಳಿಕೊಂಡು ಕೈ ಹಾಕುವುದು ಕ್ಷೇಮ.

ಹೊರದೇಶದಿಂದ ತರಿಸುವವರು ಮೂರು ವಿಷಯ ನೆನಪಿಡಬೇಕು. 2018ರ ಜುಲೈ 1ರಿಂದ ಸಾವಿರ ಡಾಲರಿನೊಳಗಿನ ವಸ್ತುಗಳಿಗೂ ಶೇ. 10 ತೆರಿಗೆಯಿದೆ. ಮರದ ಪೆಟ್ಟಿಗೆ, ಮಣ್ಣು ಮೆತ್ತಿದ ಚರ್ಮದ ಬೂಟು ಮುಂತಾದವನ್ನು ಜೈವಿಕ ಸುರಕ್ಷೆಯ ಅಧಿಕಾರಿಗಳು ತಡೆಯಬಹುದು. ಎಲ್ಲಕ್ಕಿಂತ ಗಂಭೀರವಾದದ್ದು ಕಲ್ನಾರು. ಆಸ್ಟ್ರೇಲಿಯದಲ್ಲಿ 2003ರ ಡಿಸೆಂಬರ್ 31ರಿಂದ ಅದು ಸಂಪೂರ್ಣ ನಿಷಿದ್ಧ. ಶಾಖ ತಡೆಯಬೇಕಾದ ಕೆಲವು ಹಳೆಯ ಬೇಕಲೈಟ್ ಭಾಗಗಳಲ್ಲಿ, ಗ್ಯಾಸ್ಕೆಟ್‌ಗಳಲ್ಲಿ ಅದು ಬೆರೆತಿರುತ್ತದೆ. ಅಂಥದನ್ನು ತರಿಸುವುದು ಅಪರಾಧ. ಈಗಾಗಲೇ ಮನೆಯಲ್ಲಿದ್ದರೆ ಉಜ್ಜುವುದು, ಕೊರೆಯುವುದು ಪುಪ್ಪುಸಕ್ಕೆ ಅಪಾಯ. ಕತ್ತಲಲ್ಲಿ ಹೊಳೆಯುವ ಹಳೆಯ ವಿಮಾನದ ಮೀಟರುಗಳ ಅಂಕೆಗಳಲ್ಲಿ ರೇಡಿಯಂ ಇರಬಹುದು. ಗಾಜು ತೆಗೆಯಬಾರದು. ಬಂದೂಕಿನ ಹೋಲಿಕೆಯ ಪರಿಕರವಾದರೆ ನ್ಯೂ ಸೌತ್ ವೇಲ್ಸ್‌ನ 1996ರ ಶಸ್ತ್ರಕಾಯಿದೆ, ವಿಕ್ಟೋರಿಯದ 1990ರ ಆಯುಧ ನಿಯಂತ್ರಣ ಕಾಯಿದೆ ಅನ್ವಯಿಸುತ್ತವೆ. ಗುಂಡು ಹಾರದಿದ್ದರೂ, ನೋಡಲು ಬಂದೂಕಿನಂತಿದ್ದರೆ ಸಾಕು. ಕಟ್ಟುವ ಮೊದಲೇ ಪೊಲೀಸ್ ಇಲಾಖೆಯ ನೋಂದಣಿ ವಿಭಾಗವನ್ನು ವಿಚಾರಿಸಬೇಕು.

ಸಿಕ್ಕ ಮೇಲೆ

ಈ ಹವ್ಯಾಸದ ಕುರಿತು ನಿಜವಾದ ಜಗಳವಿರುವುದು ಇಲ್ಲಿ. ಅದರ ಹಳೆಯ ದೃಷ್ಟಾಂತ ಕಿರುತೆರೆಯದಲ್ಲ, ಚಲನಚಿತ್ರದ್ದು. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಬೆಳಕಿನ ಖಡ್ಗದ ಹಿಡಿಯನ್ನು ಗ್ರಾಫ್ಲೆಕ್ಸ್ ಕ್ಯಾಮೆರಾದ ಫ್ಲಾಶಿನ ಹಿಡಿಯಿಂದ ಮಾಡಿದ್ದರು. ಆ ಸಂಗತಿ ಹರಡಿದ ಮೇಲೆ ಪತ್ರಿಕಾ ಛಾಯಾಗ್ರಾಹಕರ ಸಾಧಾರಣ ಸಲಕರಣೆಯಾಗಿದ್ದ ಆ ಹಿಡಿ ದುಬಾರಿ ಸರಕಾಯಿತು. ಮಾರುವವರು ಫ್ಲಾಶಿನ ಬೆಳಕುಬಟ್ಟಲನ್ನು ಬೇರ್ಪಡಿಸಿ ಹಿಡಿಯೊಂದನ್ನೇ ಮಾರತೊಡಗಿದರು. ಕೆಲಸ ಮಾಡುವ ಹಳೆಯ ಕ್ಯಾಮೆರಾವನ್ನು ಉಳಿಸಿಕೊಳ್ಳಲು ಹೆಣಗುವವನಿಗೆ ಫ್ಲಾಶು ಸಿಗದಾಯಿತು. ರೇಡಿಯೊ ದುರಸ್ತಿ ಮಾಡುವವರಿಗೂ ಪರಿಕರ ಕಟ್ಟುವವರಿಗೂ ಇರುವ ಮುನಿಸಿನ ಬೇರು ಇದೇ. ಒಬ್ಬರ ಅಲಂಕಾರಕ್ಕೆ ಇನ್ನೊಬ್ಬರ ಯಂತ್ರ ಕುರುಡಾಗುತ್ತದೆ. ಮುನಿಸು ನ್ಯಾಯವಾದದ್ದೆಂದೇ ನನ್ನ ಭಾವನೆ. ಹಾಡುವ ಎಡಬ್ಲ್ಯುಎ ರೇಡಿಯೊ ಒಂದರ ನಾಲ್ಕು ನಾಬುಗಳನ್ನು ಕಿತ್ತು ಕೃತಕ ಫಲಕಕ್ಕೆ ಅಂಟಿಸುವುದು ಯಾವ ನಿಷ್ಠೆಗೂ ಸಲ್ಲದ ಕೆಲಸ.

ದಾರಿ ಇದೆ: ಮೂಲ ಭಾಗವನ್ನು ಎರವಲು ತಂದು, ಅಚ್ಚು ತೆಗೆದು, ಹಿಂದಿರುಗಿಸುವುದು. ಸಿಲಿಕೋನಿನಲ್ಲಿ ಅಚ್ಚು, ರಾಳದಲ್ಲಿ ಎರಕ. ಪ್ಲಾಟಿನಂ ಬೆರೆಸಿದ ಸಿಲಿಕೋನು ಗಂಧಕವಿರುವ ಜೇಡಿಯನ್ನು ಮುಟ್ಟಿದರೆ ಗಟ್ಟಿಯಾಗದೆ ಜಿಗುಟಾಗಿ ಉಳಿಯುತ್ತದೆ. ಗಂಧಕವಿಲ್ಲದ ಜೇಡಿಯನ್ನೇ ಕೊಳ್ಳಬೇಕು. ಪಾಲಿಯುರಿಥೇನ್ ರಾಳದ ಆವಿಯಲ್ಲಿ ಐಸೊಸೈನೇಟುಗಳಿರುವುದರಿಂದ ಗಾಳಿಯಾಡುವ ಜಾಗ, ತಕ್ಕ ಉಸಿರುಗವಸು ಬೇಕು. ರಾಳ ಆರುವಾಗ ಕೊಂಚ ಕುಗ್ಗುತ್ತದೆ. ಆ ಎರಕದಿಂದಲೇ ಇನ್ನೊಂದು ಅಚ್ಚು, ಅದರಿಂದ ಮತ್ತೊಂದು ತೆಗೆದರೆ ಪ್ರತಿಯೊಂದು ತಲೆಮಾರಿಗೂ ವಸ್ತು ಕಿರಿದಾಗಿ, ಅಂಚು ಮೊಂಡಾಗುತ್ತದೆ. ಹಾಗಾಗಿ ಮೂಲದ ಅಳತೆಗಳನ್ನು ಕ್ಯಾಲಿಪರಿನಿಂದ ತೆಗೆದು ಬರೆದಿಡುವುದು, ಎರವಲು ಕೊಟ್ಟವರಿಗೂ ಅದರ ಒಂದು ಪ್ರತಿ ಕೊಡುವುದು ಒಳ್ಳೆಯ ರೂಢಿ. ಎರಕದ ಒಳಮೈಯಲ್ಲಿ, ಕಣ್ಣಿಗೆ ಬೀಳದ ಕಡೆ, ತಯಾರಿಸಿದ ವರ್ಷವನ್ನೂ ‘ಪ್ರತಿ’ ಎಂಬ ಪದವನ್ನೂ ಕೆತ್ತಿರಬೇಕು. ಇಲ್ಲವಾದರೆ ಇಪ್ಪತ್ತು ವರ್ಷಗಳ ನಂತರ ಕ್ಯಾಂಬರ್‌ವೆಲ್‌ನ ಸಂತೆಯಲ್ಲಿ ಯಾರೋ ಅದನ್ನು ಅಸಲಿಯೆಂದು ಕೊಂಡು, ಅದರಿಂದಲೇ ಅಚ್ಚು ತೆಗೆದಾರು.