ನಗರಸಭೆ, ಪುರಸಭೆ ನೌಕರರ ಪಿಂಚಣಿ: ಯಾರಿಗೆ ಎಷ್ಟು, ಯಾವ ನಿಧಿಯಿಂದ?

ಬಸವಕಲ್ಯಾಣ/ಹುಮನಾಬಾದ್: ಪಟ್ಟಣದ ರಸ್ತೆ ಗುಡಿಸುವ, ಚರಂಡಿ ತೆಗೆಯುವ, ನಲ್ಲಿಗೆ ನೀರು ಬಿಡುವ, ಕಸದ ವಾಹನ ಓಡಿಸುವ ಸಿಬ್ಬಂದಿ ಸಾರ್ವಜನಿಕರ ಕಣ್ಣಿಗೆ ಒಂದೇ ಕಚೇರಿಯ ನೌಕರರು. ಆದರೆ ನಿವೃತ್ತಿಯ ದಿನ ಅವರ ಕೈ ಸೇರುವ ಹಣ ಮಾತ್ರ ಒಂದೇ ಅಲ್ಲ. ಸೇವೆಗೆ ಸೇರಿದ ದಿನಾಂಕ ಮತ್ತು ನೇಮಕದ ಬಗೆಯನ್ನು ಅವಲಂಬಿಸಿ ಒಬ್ಬರಿಗೆ ಜೀವನಪರ್ಯಂತ ಪಿಂಚಣಿ ದೊರೆತರೆ, ಮತ್ತೊಬ್ಬರಿಗೆ ತಿಂಗಳ ದಿನಸಿಗೂ ಸಾಲದ ಮೊತ್ತ ಉಳಿಯುತ್ತದೆ. ಬೀದರ್ ಜಿಲ್ಲೆಯ ಬಸವಕಲ್ಯಾಣ ನಗರಸಭೆ ಮತ್ತು ಹುಮನಾಬಾದ್ ಪುರಸಭೆ ಸೇರಿದಂತೆ ರಾಜ್ಯದ ಸಣ್ಣ ನಗರ ಸ್ಥಳೀಯ ಸಂಸ್ಥೆಗಳೆಲ್ಲ ಈ ವ್ಯತ್ಯಾಸದ ಭಾರವನ್ನು ಇಕ್ಕಟ್ಟಾದ ಆಯವ್ಯಯದೊಳಗೇ ಹೊರಬೇಕಾಗಿದೆ.

ಎರಡು ಪಟ್ಟಣ, ಎರಡು ದರ್ಜೆ

ಕರ್ನಾಟಕ ಪುರಸಭೆಗಳ ಕಾಯ್ದೆ 1964ರ ಪ್ರಕಾರ 20 ಸಾವಿರದಿಂದ 50 ಸಾವಿರದೊಳಗಿನ ಜನಸಂಖ್ಯೆಯ ಪಟ್ಟಣಕ್ಕೆ ಪುರಸಭೆ, 50 ಸಾವಿರದಿಂದ 3 ಲಕ್ಷದೊಳಗಿನ ಪಟ್ಟಣಕ್ಕೆ ನಗರಸಭೆ. 2011ರ ಜನಗಣತಿಯಲ್ಲಿ ಬಸವಕಲ್ಯಾಣದ ಜನಸಂಖ್ಯೆ 69,717, ಹುಮನಾಬಾದಿನದು 44,483. 2021ರಲ್ಲಿ ನಡೆಯಬೇಕಿದ್ದ ಗಣತಿ 2027ಕ್ಕೆ ಹೋಗಿರುವುದರಿಂದ ಇಂದಿಗೂ ಹಳೆಯ ಅಂಕಿಗಳೇ ಹುದ್ದೆ ಮತ್ತು ಅನುದಾನದ ಲೆಕ್ಕಕ್ಕೆ ಆಧಾರ.

ಆದರೆ ಪಟ್ಟಣದ ಕೆಲಸ ಗಣತಿಯ ಅಂಕಿಗೆ ನಿಲ್ಲುವುದಿಲ್ಲ. ಬಸವಕಲ್ಯಾಣ ಶರಣರ ಕ್ಷೇತ್ರ; ನೂತನ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆ ನಡೆದಿದೆ. ಹುಮನಾಬಾದ್ ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿಯ ಮೇಲಿನ ಊರು. ವೀರಭದ್ರೇಶ್ವರ ಜಾತ್ರೆಗೂ ಸಮೀಪದ ಮಾಣಿಕನಗರಕ್ಕೂ ಗಡಿಯಾಚೆಯಿಂದ ಭಕ್ತರು ಬರುತ್ತಾರೆ. ಬಂದು ಹೋಗುವವರ ಕಸವನ್ನು ಎತ್ತುವವರು ಸ್ಥಳೀಯ ಸಂಸ್ಥೆಯ ಸಿಬ್ಬಂದಿಯೇ. ಆದರೆ ಆ ಜನರು ಗಣತಿಯಲ್ಲಿಯೂ ಇಲ್ಲ, ಆಸ್ತಿ ತೆರಿಗೆಯ ವಹಿಯಲ್ಲಿಯೂ ಇಲ್ಲ.

700 ಜನರಿಗೆ ಒಬ್ಬ ಪೌರಕಾರ್ಮಿಕ ಎಂಬ ರಾಜ್ಯದ ಮಾನದಂಡವನ್ನು 2011ರ ಅಂಕಿಗೆ ಅನ್ವಯಿಸಿದರೆ ಬಸವಕಲ್ಯಾಣಕ್ಕೆ ಸುಮಾರು 100, ಹುಮನಾಬಾದಿಗೆ ಸುಮಾರು 64 ಪೌರಕಾರ್ಮಿಕರು ಬೇಕಾಗುತ್ತದೆ. 1970ರ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ 500 ಜನರಿಗೆ ಒಬ್ಬರಿರಬೇಕೆಂದು ಹೇಳಿತ್ತು. ಆ ಲೆಕ್ಕ ಹಿಡಿದರೆ ಸಂಖ್ಯೆ ಕ್ರಮವಾಗಿ 139 ಮತ್ತು 89ಕ್ಕೆ ಏರುತ್ತದೆ.

ನಾಲ್ಕು ಬಗೆಯ ನೌಕರರು

ಮೊದಲನೆಯವರು 2006ರ ಏಪ್ರಿಲ್ 1ಕ್ಕೆ ಮುನ್ನ ಕಾಯಂ ಹುದ್ದೆಗೆ ಸೇರಿದವರು. ಇವರಿಗೆ ಹಳೆಯ ನಿಶ್ಚಿತ ಪಿಂಚಣಿ. ಪೂರ್ಣ ಅರ್ಹ ಸೇವೆ ಸಲ್ಲಿಸಿದವರಿಗೆ ಕೊನೆಯ ಮೂಲವೇತನದ ಅರ್ಧದಷ್ಟು, ಜೊತೆಗೆ ಕಾಲಕಾಲಕ್ಕೆ ಏರುವ ತುಟ್ಟಿಭತ್ಯೆ. ನಿಧನಾನಂತರ ಅವಲಂಬಿತರಿಗೆ ಕುಟುಂಬ ಪಿಂಚಣಿ.

ಎರಡನೆಯವರು ಆ ದಿನಾಂಕದಂದು ಅಥವಾ ಬಳಿಕ ಕಾಯಂ ಆದವರು. ಇವರಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್. ನೌಕರ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ.10ನ್ನು ಕಟ್ಟುತ್ತಾನೆ. ಆರಂಭದಲ್ಲಿ ಶೇ.10 ಇದ್ದ ಉದ್ಯೋಗದಾತರ ಪಾಲನ್ನು ರಾಜ್ಯದಲ್ಲಿ ನಂತರ ಶೇ.14ಕ್ಕೆ ಏರಿಸಲಾಯಿತು. ನಿವೃತ್ತಿಯ ವೇಳೆ ಕೂಡಿದ ನಿಧಿಯ ಕನಿಷ್ಠ ಶೇ.40ರಲ್ಲಿ ವಾರ್ಷಿಕ ವರ್ಷಾಶನ ಕೊಳ್ಳಬೇಕು. ಪಿಂಚಣಿ ಎಷ್ಟೆಂಬುದನ್ನು ಮಾರುಕಟ್ಟೆ ನಿರ್ಧರಿಸುತ್ತದೆ.

ಮೂರನೆಯವರು ನೇರಪಾವತಿ ನೌಕರರು. ಗುತ್ತಿಗೆದಾರರನ್ನು ಕೈಬಿಟ್ಟು ಸಂಸ್ಥೆಯೇ ಬ್ಯಾಂಕ್ ಖಾತೆಗೆ ಕೂಲಿ ಜಮಾ ಮಾಡುವ ಈ ಪದ್ಧತಿ 2017ರ ನಂತರ ಪೌರಕಾರ್ಮಿಕರಿಗೆ ವ್ಯಾಪಕವಾಯಿತು. ಮಧ್ಯವರ್ತಿಯ ಕಾಟ ತಪ್ಪಿತು. ಕಾಯಂ ಹುದ್ದೆಯ ಪಿಂಚಣಿ ಬರಲಿಲ್ಲ.

ನಾಲ್ಕನೆಯವರು ವಾಹನ ಚಾಲಕರು, ಲೋಡರ್‌ಗಳು, ನೀರು ಸರಬರಾಜು ಸಹಾಯಕರು, ಕಂಪ್ಯೂಟರ್ ನಿರ್ವಾಹಕರಂತಹ ಹೊರಗುತ್ತಿಗೆ ಸಿಬ್ಬಂದಿ. ಇವರ ಭದ್ರತೆ ಭವಿಷ್ಯ ನಿಧಿ ಮತ್ತು ಇಎಸ್‌ಐಗೆ ಸೀಮಿತ. ಪಿಂಚಣಿ ಸೌಲಭ್ಯವಿಲ್ಲದ ಪುರಸಭೆ ಸಿಬ್ಬಂದಿಗೆ ಭವಿಷ್ಯ ನಿಧಿ ಕಾಯ್ದೆಯನ್ನು ಕೇಂದ್ರ ಸರ್ಕಾರ 2011ರ ಜನವರಿಯಲ್ಲಿ ವಿಸ್ತರಿಸಿತು.

ಅಂಕಿಗಳು ಹೇಳುವುದೇನು?

ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಏಳನೇ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಕನಿಷ್ಠ ಮೂಲವೇತನ 17,000 ರೂಪಾಯಿಯಿಂದ 27,000 ರೂಪಾಯಿಗೂ, ಕನಿಷ್ಠ ಪಿಂಚಣಿ 8,500ರಿಂದ 13,500 ರೂಪಾಯಿಗೂ ಏರಿತು. ಹಳೆಯ ಪದ್ಧತಿಯ ನೌಕರನಿಗೆ ಈ 13,500 ರೂಪಾಯಿ ತಳಪಾಯ; ಅದರ ಮೇಲೆ ತುಟ್ಟಿಭತ್ಯೆ.

ಅದೇ 27,000 ರೂಪಾಯಿ ಮೂಲವೇತನದಲ್ಲಿ 48ನೇ ವಯಸ್ಸಿಗೆ ಕಾಯಂ ಆದ ಪೌರಕಾರ್ಮಿಕರೊಬ್ಬರನ್ನು ಉದಾಹರಣೆಯಾಗಿ ಊಹಿಸಿಕೊಳ್ಳೋಣ. ಎರಡೂ ಪಾಲು ಸೇರಿ ಶೇ.24ರಂತೆ ತಿಂಗಳಿಗೆ 6,480 ರೂಪಾಯಿ. 12 ವರ್ಷದಲ್ಲಿ, ವೇತನ ಬಡ್ತಿ, ತುಟ್ಟಿಭತ್ಯೆ ಮತ್ತು ಹೂಡಿಕೆಯ ಲಾಭವನ್ನು ಬದಿಗಿಟ್ಟರೆ, ಜಮೆಯಾಗುವುದು 9.33 ಲಕ್ಷ ರೂಪಾಯಿ. ಇಡೀ ಮೊತ್ತವನ್ನು ಶೇ.6ರ ದರದ ವರ್ಷಾಶನಕ್ಕೆ ಹಾಕಿದರೂ ತಿಂಗಳಿಗೆ ಸುಮಾರು 4,660 ರೂಪಾಯಿ, ಶೇ.40ನ್ನು ಮಾತ್ರ ಹಾಕಿದರೆ ಸುಮಾರು 1,860 ರೂಪಾಯಿ. ಬಡ್ತಿ ಮತ್ತು ಲಾಭ ಸೇರಿದರೆ ಮೊತ್ತ ಹೆಚ್ಚುವುದು ನಿಜ. ಆದರೆ ತಡವಾಗಿ ಕಾಯಂ ಆದವರಿಗೆ ನಿಧಿ ಬೆಳೆಯಲು ಬೇಕಾದ ವರ್ಷಗಳೇ ಇರುವುದಿಲ್ಲ ಎಂಬುದು ಇಲ್ಲಿನ ಮುಖ್ಯ ಸಂಗತಿ.

ಹೊರಗುತ್ತಿಗೆಯವರ ಸ್ಥಿತಿ ಇನ್ನೂ ಇಕ್ಕಟ್ಟು. ನೌಕರರ ಪಿಂಚಣಿ ಯೋಜನೆಯಲ್ಲಿ ಪಿಂಚಣಿಯೋಗ್ಯ ವೇತನವನ್ನು ಸೇವಾವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಲಾಗುತ್ತದೆ. 2014ರಲ್ಲಿ ನಿಗದಿಯಾದ 15,000 ರೂಪಾಯಿ ಮಿತಿಯಂತೆ 15 ವರ್ಷ ದುಡಿದವರಿಗೆ ತಿಂಗಳಿಗೆ ಸುಮಾರು 3,214 ರೂಪಾಯಿ. 10 ವರ್ಷ ತುಂಬದಿದ್ದರೆ ಮಾಸಿಕ ಪಿಂಚಣಿಯೇ ಇಲ್ಲ. ಟೆಂಡರ್ ಬದಲಾದಾಗಲೆಲ್ಲ ಖಾತೆ ಬದಲಾಗಿ, ಹಳೆಯ ಸೇವೆ ಹೊಸ ಖಾತೆಗೆ ಸೇರದೆ ಹೋದರೆ ಈ 10 ವರ್ಷದ ಗಡಿ ದಾಟುವುದೇ ಕಷ್ಟ.

ಹಣ ಎಲ್ಲಿಂದ ಬರಬೇಕು?

ಒಂದು ಕಾಲದಲ್ಲಿ ಪುರಸಭೆಗಳ ದೊಡ್ಡ ಆದಾಯ ಪಟ್ಟಣ ಪ್ರವೇಶಿಸುವ ಸರಕಿನ ಮೇಲಿನ ಆಕ್ಟ್ರಾಯ್ ಸುಂಕವಾಗಿತ್ತು. ಕರ್ನಾಟಕದಲ್ಲಿ 1979ರಲ್ಲಿ ಅದು ರದ್ದಾಯಿತು. ಹೆದ್ದಾರಿಯ ಮೇಲಿರುವ ಊರುಗಳಿಗೆ ಇದು ದೊಡ್ಡ ಬದಲಾವಣೆ: ವ್ಯಾಪಾರ ಬೆಳೆದಂತೆ ತಾನಾಗಿ ಬೆಳೆಯುತ್ತಿದ್ದ ಆದಾಯದ ಸ್ಥಾನಕ್ಕೆ ರಾಜ್ಯದ ಅನುದಾನ ಬಂತು. ಇಂದು ಸ್ವಂತ ಆದಾಯವೆಂದರೆ ಆಸ್ತಿ ತೆರಿಗೆ, ನೀರಿನ ಕರ, ವ್ಯಾಪಾರ ಪರವಾನಗಿ ಶುಲ್ಕ, ಮಳಿಗೆ ಬಾಡಿಗೆ ಮುಂತಾದವು.

ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದ ಬಳಿಕ ರಾಜ್ಯ ಹಣಕಾಸು ಆಯೋಗದ ಶಿಫಾರಸಿನ ಮೇಲೆ ಅನುದಾನ ಹಂಚಿಕೆಯಾಗುತ್ತಿದೆ. ಕಚೇರಿ ಭಾಷೆಯಲ್ಲಿ ಎಸ್‌ಎಫ್‌ಸಿ ಎಂದೇ ಹೆಸರಾದ ಈ ಹಣದಲ್ಲಿ ವೇತನ, ವಿದ್ಯುತ್ ಬಿಲ್ಲು ಮತ್ತು ಅಭಿವೃದ್ಧಿಗೆ ಪ್ರತ್ಯೇಕ ಬಾಬ್ತುಗಳಿವೆ. ಕಾಯಂ ಸಿಬ್ಬಂದಿಯ ವೇತನ ಬಹುಮಟ್ಟಿಗೆ ಇದರಿಂದಲೇ ನಡೆಯುತ್ತದೆ. ಹೊರಗುತ್ತಿಗೆಯ ಕೂಲಿ, ಭವಿಷ್ಯ ನಿಧಿ ವಂತಿಗೆ, ಗ್ರಾಚ್ಯುಟಿಯಂತಹ ಬಾಬ್ತುಗಳು ಬಂದಾಗ ಸಂಸ್ಥೆ ಸ್ವಂತ ನಿಧಿಯತ್ತ ನೋಡಬೇಕಾಗುತ್ತದೆ. 15ನೇ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ನೀಡಿದ ಅನುದಾನವನ್ನು ವೇತನ ಮತ್ತು ಸಿಬ್ಬಂದಿ ವೆಚ್ಚಕ್ಕೆ ಬಳಸುವಂತಿರಲಿಲ್ಲ. ಹೀಗಾಗಿ ಹೊಸ ವಾಹನ ಕೊಳ್ಳಲು ಹಣವಿದ್ದು, ಅದನ್ನು ಓಡಿಸುವವನ ವಂತಿಗೆ ಕಟ್ಟಲು ಹಣವಿಲ್ಲದ ಸ್ಥಿತಿ ಸಣ್ಣ ಪಟ್ಟಣಗಳಿಗೆ ಅಪರೂಪವಲ್ಲ.

ಆಯವ್ಯಯ ಬಿಗಿಯಾದಾಗ ಬೀದಿದೀಪ ಆರಿಸಲಾಗದು, ನೀರು ನಿಲ್ಲಿಸಲಾಗದು. ಸದ್ದಿಲ್ಲದೆ ಮುಂದಕ್ಕೆ ಹೋಗುವುದು ನಿವೃತ್ತರ ಬಾಕಿ ಮತ್ತು ವಂತಿಗೆ. ಆದರೆ ಅದು ಉಳಿತಾಯವಲ್ಲ. ಭವಿಷ್ಯ ನಿಧಿ ತಡವಾದರೆ ಬಡ್ಡಿ ಮತ್ತು ದಂಡ ಸೇರಿ ಹೊರೆ ಹೆಚ್ಚುತ್ತದೆ. ಗುತ್ತಿಗೆದಾರ ತಪ್ಪಿದರೂ ಮೂಲ ಉದ್ಯೋಗದಾತನಾದ ಸಂಸ್ಥೆಯ ಹೊಣೆ ತಪ್ಪುವುದಿಲ್ಲ.

ನ್ಯಾಯಾಲಯಗಳ ನಿಲುವು

ಪಿಂಚಣಿ ಉದ್ಯೋಗದಾತ ಕೊಡುವ ಭಿಕ್ಷೆಯಲ್ಲ, ಸಲ್ಲಿಸಿದ ಸೇವೆಗೆ ದೊರೆಯುವ ಹಕ್ಕು ಎಂದು ಸುಪ್ರೀಂ ಕೋರ್ಟ್ 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆ ದಿನವನ್ನು ಪಿಂಚಣಿದಾರರ ದಿನವಾಗಿ ಆಚರಿಸಲಾಗುತ್ತದೆ. ಹಣವಿಲ್ಲವೆಂಬ ಕಾರಣಕ್ಕೆ ನೈರ್ಮಲ್ಯದ ಕರ್ತವ್ಯದಿಂದ ಪುರಸಭೆ ನುಣುಚಿಕೊಳ್ಳುವಂತಿಲ್ಲ ಎಂದು 1980ರಲ್ಲಿ ರತ್ಲಾಮ್ ಪುರಸಭೆ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿತ್ತು.

ಕರ್ನಾಟಕದಿಂದಲೇ ಹೋದ ಉಮಾದೇವಿ ಪ್ರಕರಣದ ತೀರ್ಪು 2006ರ ಏಪ್ರಿಲ್ 10ರದು. ನಿಯಮಬದ್ಧ ನೇಮಕಾತಿಯಿಲ್ಲದೆ ಬಂದವರಿಗೆ ಕಾಯಂ ಆಗುವ ಹಕ್ಕಿಲ್ಲ ಎಂದ ನ್ಯಾಯಾಲಯ, ಮಂಜೂರಾದ ಹುದ್ದೆಯಲ್ಲಿ ನ್ಯಾಯಾಲಯದ ಆದೇಶದ ಬಲವಿಲ್ಲದೆ 10 ವರ್ಷ ದುಡಿದ ಅರ್ಹರಿಗೆ ಒಂದು ಬಾರಿಯ ಅವಕಾಶ ನೀಡುವಂತೆ ಸೂಚಿಸಿತು. ರಾಜ್ಯದಲ್ಲಿ ಹೊಸ ಪಿಂಚಣಿ ವ್ಯವಸ್ಥೆ ಆರಂಭವಾದದ್ದೂ ಅದೇ ತಿಂಗಳು. ಅಲ್ಲಿಂದೀಚೆಗೆ ದಿನಗೂಲಿ ಸಿಬ್ಬಂದಿಯ ಮುಂದೆ ಎರಡು ಬಾಗಿಲುಗಳು ಒಟ್ಟಿಗೆ ಕಿರಿದಾದವು.

ಹೋರಾಟ ಮತ್ತು ನಿರ್ಧಾರಗಳು

2022ರ ಜುಲೈನಲ್ಲಿ ಪೌರಕಾರ್ಮಿಕರು ರಾಜ್ಯದಾದ್ಯಂತ ಕೆಲಸ ಸ್ಥಗಿತಗೊಳಿಸಿದರು. ಆ ವರ್ಷವೇ 11,133 ಪೌರಕಾರ್ಮಿಕರನ್ನು ಕಾಯಂಗೊಳಿಸಲು ಸರ್ಕಾರ ನಿರ್ಧರಿಸಿತು. ವಾಹನ ಚಾಲಕರು, ಲೋಡರ್‌ಗಳು ತಮ್ಮನ್ನೂ ಅದೇ ರೀತಿ ಪರಿಗಣಿಸಬೇಕೆಂದು ಕೇಳುತ್ತಲೇ ಬಂದಿದ್ದಾರೆ. 2006ರ ಏಪ್ರಿಲ್‌ಗೆ ಮುನ್ನ ನೇಮಕಾತಿ ಅಧಿಸೂಚನೆ ಹೊರಟು, ಬಳಿಕ ಸೇವೆಗೆ ಸೇರಿದ ಸುಮಾರು 13 ಸಾವಿರ ರಾಜ್ಯ ನೌಕರರನ್ನು ಹಳೆಯ ಪಿಂಚಣಿಗೆ ಸೇರಿಸುವ ಆದೇಶ 2024ರ ಜನವರಿಯಲ್ಲಿ ಬಂತು.

2025ರ ಮೇ ತಿಂಗಳಲ್ಲಿ ಪೌರಸೇವಾ ನೌಕರರು ಮುಷ್ಕರಕ್ಕಿಳಿದಾಗ ರಾಜ್ಯ ಸರ್ಕಾರಿ ನೌಕರರಿಗಿರುವ ಭವಿಷ್ಯ ನಿಧಿ, ಕೆಜಿಐಡಿ ವಿಮೆ ಮತ್ತು ಆರೋಗ್ಯ ಯೋಜನೆ ತಮಗೂ ಬೇಕೆಂಬುದು ಪ್ರಮುಖ ಬೇಡಿಕೆಯಾಗಿತ್ತು. ವೇತನ ಶ್ರೇಣಿ ಸರ್ಕಾರಿ ನೌಕರನದು, ಸೌಲಭ್ಯ ಸ್ಥಳೀಯ ಸಂಸ್ಥೆಯದು ಎಂಬ ಈ ಅಂತರವೇ ಅವರ ಅಸಮಾಧಾನದ ಮೂಲ.

ನೌಕರರು ಗಮನಿಸಬೇಕಾದದ್ದು

* ಕಾಯಂ ನೌಕರರು ಸೇವಾ ಪುಸ್ತಕದಲ್ಲಿ ಸೇರಿದ ದಿನಾಂಕ, ಜನ್ಮದಿನಾಂಕ ಮತ್ತು ನಾಮನಿರ್ದೇಶನ ಸರಿಯಾಗಿ ದಾಖಲಾಗಿವೆಯೇ ಎಂದು ನಿವೃತ್ತಿಗೆ ಸಾಕಷ್ಟು ಮುನ್ನವೇ ಪರಿಶೀಲಿಸಬೇಕು.

* ಎನ್‌ಪಿಎಸ್ ನೌಕರರು ವೇತನದಿಂದ ಕಡಿತವಾದ ಹಣ ಮತ್ತು ಉದ್ಯೋಗದಾತರ ಪಾಲು ಎರಡೂ ಖಾತೆಗೆ ಬಂದಿವೆಯೇ ಎಂದು ಪ್ರತಿ ವರ್ಷ ನೋಡಬೇಕು.

* ಹೊರಗುತ್ತಿಗೆ ಮತ್ತು ನೇರಪಾವತಿ ಸಿಬ್ಬಂದಿ ಒಂದೇ ಯುಎಎನ್ ಸಂಖ್ಯೆ ಉಳಿಸಿಕೊಳ್ಳಬೇಕು. ಗುತ್ತಿಗೆದಾರ ಬದಲಾದಾಗ ಹಳೆಯ ಖಾತೆಯನ್ನು ವರ್ಗಾಯಿಸಿಕೊಳ್ಳಬೇಕು.

* ಗ್ರಾಚ್ಯುಟಿಯನ್ನು ವರ್ಷವೊಂದಕ್ಕೆ 15 ದಿನದ ವೇತನದಂತೆ ಲೆಕ್ಕ ಹಾಕಲಾಗುತ್ತದೆ. 1972ರ ಕಾಯ್ದೆಯಲ್ಲಿದ್ದ ಈ ಹಕ್ಕು 2025ರ ನವೆಂಬರ್ 21ರಂದು ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದಿದೆ.

ನಾಗರಿಕರ ಪಾಲೂ ಇದರಲ್ಲಿದೆ. ಆಸ್ತಿ ತೆರಿಗೆ ಮತ್ತು ನೀರಿನ ಕರದ ಬಾಕಿ ಬೆಳೆದಷ್ಟೂ ಸಂಸ್ಥೆಯ ಸ್ವಂತ ನಿಧಿ ಕರಗುತ್ತದೆ. 2006ರ ಲೆಕ್ಕ ಮತ್ತು ಆಯವ್ಯಯ ನಿಯಮಗಳು ಜೋಡಿ ನಮೂದು ಪದ್ಧತಿಯನ್ನು ತಂದಿರುವುದರಿಂದ, ಪಾವತಿಯಾಗದ ಹೊಣೆಗಳನ್ನೂ ಲೆಕ್ಕಪತ್ರದಲ್ಲಿ ತೋರಿಸಬೇಕಾಗುತ್ತದೆ. ಆಯವ್ಯಯ ಸಭೆಯಲ್ಲಿ ರಸ್ತೆ, ಚರಂಡಿ, ಬೀದಿದೀಪದ ಮೊತ್ತವನ್ನು ಕೇಳುವ ಸದಸ್ಯರು ನಿವೃತ್ತರಿಗೆ ಸಲ್ಲಬೇಕಾದ ಬಾಕಿ ಎಷ್ಟು, ಈ ವರ್ಷ ಅದಕ್ಕೆ ಎಷ್ಟು ತೆಗೆದಿರಿಸಲಾಗಿದೆ ಎಂಬ ಎರಡು ಅಂಕಿಗಳನ್ನೂ ಕೇಳಿದರೆ ಸಂಸ್ಥೆಯ ನಿಜವಾದ ಆರ್ಥಿಕ ಸ್ಥಿತಿ ತಿಳಿಯುತ್ತದೆ.