ಬಾಟಾ ಯಾರದು?

ಕಳೆದ ತಿಂಗಳು ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬನು ಹೊರಡುವ ಹೊತ್ತಿಗೆ, ನಾಗಸಂದ್ರದಲ್ಲಿ 2022ರಲ್ಲಿ ತೆರೆದ ಐಕಿಯಾ ಎಂಬ ಸ್ವೀಡನ್ ದೇಶದ ಪೀಠೋಪಕರಣಗಳ ಮಳಿಗೆಯ ವಿಷಯ ತೆಗೆದನು. "ಹೊರದೇಶದವರೆಲ್ಲ ಬಂದು ಅಂಗಡಿ ಹಾಕುತ್ತಿದ್ದಾರೆ ಮೇಷ್ಟ್ರೇ, ಇನ್ನು ನಮ್ಮವರ ಗತಿಯೇನು?" ಎಂದು ಕೇಳಿದನು. ಹಾಗೆ ಕೇಳುತ್ತಲೇ ಬಾಗಿಲ ಬಳಿ ಬಿಟ್ಟಿದ್ದ ಬಾಟಾ ಚಪ್ಪಲಿಯನ್ನು ಮೆಟ್ಟಿಕೊಳ್ಳುತ್ತಿದ್ದನು. ನಾನು ಅದನ್ನೇ ತೋರಿಸಿ, "ಇದೂ ಹೊರದೇಶದವರದೇ ಅಲ್ಲವೇನಯ್ಯಾ?" ಎಂದೆ. ಅವನು ನಿಜವಾಗಿಯೂ ಬೆರಗಾದನು. "ಬಾಟಾ? ಅದು ಟಾಟಾ ಇದ್ದ ಹಾಗೆ ನಮ್ಮದೇ ಕಂಪನಿ ಅಲ್ಲವೆ?"

ಇವನು ವಾಣಿಜ್ಯಶಾಸ್ತ್ರದ ಪದವೀಧರ, ಬ್ಯಾಂಕಿನಲ್ಲಿ ಅಧಿಕಾರಿ. ಇವನಿಗೇ ತಿಳಿಯದೆಂದ ಮೇಲೆ ಉಳಿದವರಿಗೂ ತಿಳಿದಿರಲಾರದೆಂದು ಊಹಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಪರದೇಶದ ವ್ಯಾಪಾರಸಂಸ್ಥೆಯೊಂದು ನಮ್ಮ ನಡುವೆ ಅಂಗಡಿ ತೆರೆದು, ತಾನು ಪರದೇಶದ್ದೆಂಬುದೇ ಜನರಿಗೆ ಮರೆತುಹೋಗುವಷ್ಟು ಬೆರೆತುಬಿಡುವುದು ಸಾಮಾನ್ಯ ಸಂಗತಿಯಲ್ಲ. 1995ರ ಜೂನಿನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಅಮೆರಿಕದ ಕೆ.ಎಫ್.ಸಿ. ಕೋಳಿಖಾದ್ಯದ ಮಳಿಗೆ ತೆರೆದಾಗ ಎದ್ದ ಗದ್ದಲ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 1996ರ ಜನವರಿ 30ರಂದು ರಾಜ್ಯ ರೈತ ಸಂಘದ ಕಾರ್ಯಕರ್ತರು ಅದರೊಳಗೆ ನುಗ್ಗಿ ಧ್ವಂಸ ಮಾಡಿದರು. ಆ ದಿನಗಳಲ್ಲಿ ಬಾಟಾ ಅಂಗಡಿಯ ಗಾಜಿಗೆ ಕಲ್ಲೆಸೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮೆರವಣಿಗೆಯಲ್ಲಿ ನಡೆದ ಕಾಲುಗಳಲ್ಲಿ ಎಷ್ಟು ಜೊತೆ ಬಾಟಾ ಇದ್ದವೋ!

ಈ ಬಾಟಾ ಎಂಬುದು ಒಂದು ಮನೆತನದ ಹೆಸರು. ಚೆಕ್ ಜನರ ನಾಲಗೆಯಲ್ಲಿ ಅದು ಬಹುಮಟ್ಟಿಗೆ 'ಬಾತ್ಯಾ' ಎಂದು ಕೇಳಿಸುತ್ತದೆ. ಮೊರಾವಿಯಾ ಪ್ರಾಂತದ ಜ್ಲೀನ್ ಎಂಬ ಸಣ್ಣ ಊರಿನಲ್ಲಿ, ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ, ತಲೆಮಾರುಗಳಿಂದ ಪಾದರಕ್ಷೆ ಹೊಲಿಯುತ್ತಿದ್ದ ಕುಟುಂಬವಿದು. 1894ರಲ್ಲಿ ತೋಮಾಷ್ ಬಾಟಾ ಎಂಬ ಹದಿನೆಂಟರ ಹುಡುಗ ತನ್ನ ಅಣ್ಣ ಆಂತೋನಿನ್ ಮತ್ತು ಅಕ್ಕ ಆನ್ನಾರೊಡನೆ ಸೇರಿ ಸ್ವಂತ ಕಾರ್ಯಾಗಾರ ತೆರೆದನು. ವರ್ಷ ತುಂಬುವುದರೊಳಗೆ ಸಾಲ ಕುತ್ತಿಗೆಗೆ ಬಂದಿತು. ಚರ್ಮ ಕೊಳ್ಳಲು ಹಣವಿಲ್ಲದೆ ಕ್ಯಾನ್ವಾಸ್ ಬಟ್ಟೆಯಿಂದಲೇ ಅಗ್ಗದ ಬೂಟು ಮಾಡಿದನು. ಅದೇ ಅವನನ್ನು ಉಳಿಸಿತು. 1904ರಲ್ಲಿ ಅಮೆರಿಕಕ್ಕೆ ಹೋಗಿ, ಮ್ಯಾಸಚೂಸೆಟ್ಸ್‌ನ ಲಿನ್ ಪಟ್ಟಣದ ಬೂಟಿನ ಕಾರ್ಖಾನೆಯಲ್ಲಿ ಕೂಲಿಯಾಗಿ ದುಡಿದು ಯಂತ್ರಗಳ ಮರ್ಮ ಕಲಿತು ಮರಳಿದನು. ಮೊದಲ ಮಹಾಯುದ್ಧ ಬಂತು. ಸೈನಿಕರ ಬೂಟುಗಳಿಂದ ಕಾರ್ಖಾನೆ ಬೆಳೆಯಿತು.

ಇವನ ಜೀವನದಲ್ಲಿ ನಾನು ತರಗತಿಯಲ್ಲಿ ಹೇಳುತ್ತಿದ್ದ ಒಂದು ಪ್ರಸಂಗವಿದೆ. 1922ರಲ್ಲಿ ಚೆಕೊಸ್ಲೊವಾಕಿಯಾದ ನಾಣ್ಯದ ಬೆಲೆ ಏರಿ ರಫ್ತು ಕುಸಿಯಿತು, ಕಾರ್ಖಾನೆಗಳು ಒಂದೊಂದಾಗಿ ಮುಚ್ಚತೊಡಗಿದವು. ಉಳಿದ ವರ್ತಕರೆಲ್ಲ ಸರ್ಕಾರದ ನೆರವಿಗೆ ಕೈಯೊಡ್ಡಿದ್ದಾಗ ತೋಮಾಷ್ ತನ್ನ ಬೂಟುಗಳ ಬೆಲೆಯನ್ನು ಒಮ್ಮೆಗೇ ಅರ್ಧಕ್ಕಿಳಿಸಿಬಿಟ್ಟನು! ಕೂಲಿಯನ್ನೂ ನೂರಕ್ಕೆ ನಲವತ್ತರಷ್ಟು ಕಡಿತಗೊಳಿಸಿದನು. ಆದರೆ ಕಾರ್ಮಿಕರಿಗೆ ಬೇಕಾದ ಅಕ್ಕಿಬೇಳೆ, ಬಟ್ಟೆಬರೆಗಳನ್ನು, ಅಂದರೆ ಅವರ ದೇಶದ ರೊಟ್ಟಿ-ಮಾಂಸಗಳನ್ನು, ಅರ್ಧ ಬೆಲೆಗೆ ಒದಗಿಸುವ ಹೊಣೆಯನ್ನೂ ಹೊತ್ತನು. ಅಂಗಡಿಗಳ ಮುಂದೆ ಸಾಲು ಹತ್ತಿತು. ಇದು ಜಾಣತನವೋ ಔದಾರ್ಯವೋ ಎಂದು ಕೇಳಿದರೆ ಜಾಣತನವೇ ಎಂದು ನನ್ನ ಅಭಿಪ್ರಾಯ. ತನ್ನ ಊರಿನಲ್ಲಿ ಕಾರ್ಮಿಕರ ಮನೆ, ಶಾಲೆ, ಆಸ್ಪತ್ರೆ, ಚಿತ್ರಮಂದಿರ ಎಲ್ಲವನ್ನೂ ಅವನೇ ಕಟ್ಟಿಸಿದನು. 1923ರಲ್ಲಿ ಆ ಊರಿಗೆ ಮೇಯರ್ ಕೂಡ ಅವನೇ ಆದನು. ಒಬ್ಬನೇ ಮನುಷ್ಯ ಅನ್ನದಾತನೂ ಮನೆಯ ಮಾಲೀಕನೂ ಊರಿನ ಅಧ್ಯಕ್ಷನೂ ಆಗಿರುವ ಊರಿನಲ್ಲಿ ಎದುರು ಮಾತನಾಡುವವನ ಪಾಡೇನೆಂದು ನೀವೇ ಯೋಚಿಸಿ.

1929ರ ಬಳಿಕ ಜಗತ್ತಿನ ಆರ್ಥಿಕ ಮುಗ್ಗಟ್ಟಿನಲ್ಲಿ ಪ್ರತಿಯೊಂದು ದೇಶವೂ ಆಮದು ಸುಂಕದ ಗೋಡೆಯನ್ನು ಎತ್ತರಿಸಿತು. ಗೋಡೆ ಹಾರಲಾಗದಿದ್ದರೆ ಅದರ ಒಳಗೇ ಮನೆ ಕಟ್ಟುವುದು ತೋಮಾಷನ ಉಪಾಯ. ಹೀಗೆ ಯುಗೊಸ್ಲಾವಿಯಾ, ಸ್ವಿಟ್ಜರ್ಲೆಂಡ್, ಫ್ರಾನ್ಸ್, ಇಂಗ್ಲೆಂಡ್, ಹಾಲೆಂಡ್ ದೇಶಗಳಲ್ಲಿ ಜ್ಲೀನ್ ಪಟ್ಟಣದ ಪಡಿಯಚ್ಚುಗಳು ಮೂಡತೊಡಗಿದವು: ಅವೇ ಕೆಂಪು ಇಟ್ಟಿಗೆ, ಅವೇ ದೊಡ್ಡ ಕಿಟಕಿಗಳು. 1931ರ ಕೊನೆಯಲ್ಲಿ ಅವನು ತನ್ನದೇ ವಿಮಾನದಲ್ಲಿ ಹೊರಟು ಭಾರತವನ್ನೂ ಆಗ್ನೇಯ ಏಷ್ಯಾವನ್ನೂ ಸುತ್ತಿ ಬಂದನು. ಕೆಲವೇ ತಿಂಗಳ ಬಳಿಕ, 1932ರ ಜುಲೈ 12ರ ಬೆಳಿಗ್ಗೆ, ದಟ್ಟ ಮಂಜಿನಲ್ಲಿ ಮೇಲೆದ್ದ ಅವನ ವಿಮಾನ ಜ್ಲೀನ್ ಸಮೀಪದಲ್ಲೇ ನೆಲಕ್ಕಪ್ಪಳಿಸಿತು. ಆಗ ಅವನ ಸಂಸ್ಥೆಯಲ್ಲಿ ಸುಮಾರು 16,500 ನೌಕರರೂ 1,645 ಅಂಗಡಿಗಳೂ ಇದ್ದವು. ಅಧಿಕಾರ ಮಲಸೋದರ ಯಾನ್ ಆಂತೋನಿನ್‌ನ ಕೈಗೆ ಬಂತು.

ಭಾರತದ ಕಂಪನಿ ನೋಂದಣಿಯಾದದ್ದು 1931ರಲ್ಲಿ. ಮೊದಲು ಕಲ್ಕತ್ತೆಯ ಬಳಿಯ ಕೊನ್ನಗರದಲ್ಲಿ ಸಣ್ಣದಾಗಿ ಕೆಲಸ ಆರಂಭವಾಯಿತು. 1934ರ ಜನವರಿಯಲ್ಲಿ ಹೂಗ್ಲಿ ನದಿಯ ದಡದಲ್ಲಿ ಹೊಸ ಕಾರ್ಖಾನೆಗೆ ಅಡಿಗಲ್ಲು ಬಿತ್ತು. ಸುತ್ತ ಬೆಳೆದ ಊರಿಗೆ ಬಾಟಾನಗರವೆಂದೇ ಹೆಸರಾಯಿತು. ಚೆಕ್ ಕುಶಲಕರ್ಮಿಗಳು ಸಂಸಾರಸಮೇತ ಬಂದು ಅಲ್ಲಿ ನೆಲಸಿದರು. ಕೋಟ್ಯಂತರ ಜನ ಬರಿಗಾಲಲ್ಲಿ ನಡೆಯುತ್ತಿದ್ದ ದೇಶದಲ್ಲಿ ಪಾದರಕ್ಷೆಯನ್ನು ಮಾರುವುದಷ್ಟೇ ಅಲ್ಲ, ಅದು ಅಗತ್ಯವೆಂದು ಮನಗಾಣಿಸುವುದೂ ಅವರ ಕೆಲಸವಾಗಿತ್ತು. ಸಣ್ಣ ಗಾಯದಿಂದಲೂ ಧನುರ್ವಾಯು ತಗಲೀತು, ಆದ್ದರಿಂದ ಬೂಟು ಧರಿಸಿರಿ ಎಂಬ ಎಚ್ಚರಿಕೆಯ ಜಾಹೀರಾತನ್ನು ಆ ಕಾಲದಲ್ಲಿ ಅವರು ಹೊರಡಿಸಿದ್ದರು. ಚರ್ಮವೆಂದರೆ ಮೈಲಿಗೆಯೆಂದು ಹಿಂಜರಿಯುವವರಿಗೆ ಕ್ಯಾನ್ವಾಸ್ ಮತ್ತು ರಬ್ಬರಿನ ಬೂಟು ಅನುಕೂಲವಾಯಿತು.

ಅಂಗಡಿಯ ವಿಷಯದಲ್ಲಿ ನನ್ನ ಬಾಲ್ಯದ ನೆನಪೊಂದನ್ನು ಹೇಳಲೇಬೇಕು. ತಂದೆಯವರೊಡನೆ ಪೇಟೆಯ ಬಾಟಾ ಅಂಗಡಿಗೆ ಮೊದಲ ಸಲ ಹೋದಾಗ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಹಿರಿಯರು ನನ್ನೆದುರು ಮಣೆಯ ಮೇಲೆ ಕುಳಿತು ನನ್ನ ಧೂಳುಗಾಲನ್ನು ಕೈಯಲ್ಲಿ ಹಿಡಿದು ಅಳತೆಪಟ್ಟಿಯ ಮೇಲಿಟ್ಟರು. ಹಿರಿಯರೊಬ್ಬರು ನನ್ನ ಕಾಲು ಮುಟ್ಟಿದರಲ್ಲಾ ಎಂದು ಗಾಬರಿಯಾಗಿ ಕಾಲೆಳೆದುಕೊಂಡೆ. ಅವರು ನಕ್ಕು ಮತ್ತೆ ಹಿಡಿದರು. ಕಾಲನ್ನೂ ಚರ್ಮವನ್ನೂ ಮುಟ್ಟುವ ಕೆಲಸವನ್ನು ಒಂದೇ ಜಾತಿಯ ತಲೆಗೆ ಕಟ್ಟಿದ್ದ ನಮ್ಮ ಸಮಾಜದಲ್ಲಿ, ಅದು ಸಂಬಳ ತರುವ ಮರ್ಯಾದೆಯ ಉದ್ಯೋಗವೂ ಆಗಬಹುದೆಂದು ಆ ಅಂಗಡಿಗಳು ತೋರಿಸಿಕೊಟ್ಟವು. ಬೆಲೆಯೂ ಹಾಗೆಯೇ: ಚೌಕಾಶಿಯಿಲ್ಲ, ಪೆಟ್ಟಿಗೆಯ ಮೇಲೆ ಬರೆದಿದ್ದಷ್ಟೆ. ಅದು ಸದಾ ಹತ್ತೊಂಬತ್ತು ರೂಪಾಯಿ ತೊಂಬತ್ತೈದು ಪೈಸೆಯ ಮಾದರಿಯದು. ಉಳಿದ ಐದು ಪೈಸೆಯನ್ನು ನಮ್ಮ ತಂದೆ ಕೇಳಿ ಪಡೆಯುತ್ತಿದ್ದರು.

ಆದರೆ ಇದರ ಇನ್ನೊಂದು ಮುಖವನ್ನೂ ನಾನು ಬಲ್ಲೆ, ಮತ್ತು ಅದರಲ್ಲಿ ನನ್ನದೇ ತಪ್ಪಿದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಸ್ವಾತಂತ್ರ್ಯ ದಿನದ ಕವಾಯತಿಗೆ ಎಲ್ಲ ಹುಡುಗರೂ ಬಿಳಿ ಕ್ಯಾನ್ವಾಸ್ ಬೂಟು ತರಬೇಕೆಂದು ಕಟ್ಟಪ್ಪಣೆ ಮಾಡಿದ್ದೆ. ಎಂಟನೆಯ ತರಗತಿಯ ಹುಡುಗನೊಬ್ಬನು ಹೊಚ್ಚ ಹೊಸ ಚರ್ಮದ ಮೆಟ್ಟು ಹಾಕಿಕೊಂಡು ಬಂದನು. ಅವನ ತಂದೆ ಊರಿನ ಸಮಗಾರ. ಮಗನಿಗಾಗಿ ರಾತ್ರಿ ಕುಳಿತು ಹೊಲಿದದ್ದೆಂದು ನೋಡಿದರೇ ತಿಳಿಯುತ್ತಿತ್ತು. ಅಂಚಿನ ಹೊಲಿಗೆ ಅಷ್ಟು ನೇರ. ನಾನು ಅವನನ್ನು ಸಾಲಿನಿಂದ ಹೊರಗೆ ನಿಲ್ಲಿಸಿದೆ. ಆತ ಅಳಲಿಲ್ಲ. ಮೆಟ್ಟು ಕಳಚಿ ಕೈಯಲ್ಲಿ ಹಿಡಿದುಕೊಂಡು ಧ್ವಜವಂದನೆ ಮುಗಿಯುವವರೆಗೂ ಬರಿಗಾಲಲ್ಲಿ ನಿಂತಿದ್ದನು. ಹರಳಯ್ಯ ಮತ್ತು ಕಲ್ಯಾಣಮ್ಮ ಬಸವಣ್ಣನವರಿಗಾಗಿ ತಮ್ಮ ತೊಡೆಯ ಚರ್ಮದಿಂದಲೇ ಪಾದುಕೆ ಮಾಡಿದ ಕಥೆಯನ್ನು ಅದೇ ವರ್ಷ ಅದೇ ತರಗತಿಗೆ ನಾನು ಭಾವಪೂರ್ಣವಾಗಿ ಪಾಠ ಮಾಡಿದ್ದೆ! ಕೆಲವು ವರ್ಷಗಳ ನಂತರ ಆ ಊರಿಗೆ ಹೋದಾಗ ಅವನ ತಂದೆ ಬಸ್ ನಿಲ್ದಾಣದಲ್ಲಿ ಕುಳಿತು ಕಾರ್ಖಾನೆಯಲ್ಲಿ ತಯಾರಾದ ಚಪ್ಪಲಿಗಳ ಕಿತ್ತ ಉಂಗುಷ್ಠ ಹೊಲಿಯುತ್ತಿದ್ದರು. ಉಳಿ-ರಂಪಿಗೆಗಳು ಅವೇ, ಆದರೆ ಹೊಸ ಜೋಡು ಹೊಲಿಸುವವರು ಯಾರೂ ಉಳಿದಿರಲಿಲ್ಲ.

ಹಾಗೆಂದು ಎಲ್ಲೆಡೆಯೂ ಕೈಕಸುಬು ಅಳಿದುಹೋಗಲಿಲ್ಲ. ನಮ್ಮ ಅಥಣಿಯ ಕಡೆಯ ಕುಶಲಿಗರು ಕೊಲ್ಹಾಪುರಿ ಚಪ್ಪಲಿಗಳನ್ನು ಇಂದಿಗೂ ಮಾಡುತ್ತಾರೆ. 2019ರಲ್ಲಿ ಕರ್ನಾಟಕದ ನಾಲ್ಕು ಮತ್ತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಸೇರಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನ್ ನಗರದ ಪ್ರದರ್ಶನದಲ್ಲಿ ಅಂಥದ್ದೇ ಚಪ್ಪಲಿಗಳನ್ನು ಮೂಲದ ಹೆಸರೆತ್ತದೆ ತೋರಿಸಿತು. ಇಲ್ಲಿಂದ ಆಕ್ಷೇಪಣೆ ಎದ್ದ ಮೇಲೆ ಭಾರತದ ಪಾದರಕ್ಷೆಯೇ ತನಗೆ ಪ್ರೇರಣೆಯೆಂದು ಒಪ್ಪಿಕೊಂಡಿತು.

ಬಾಟಾ ಕಥೆಗೆ ಮರಳೋಣ. 1939ರ ಮಾರ್ಚಿಯಲ್ಲಿ ಹಿಟ್ಲರನ ಸೇನೆ ಚೆಕ್ ನಾಡನ್ನು ಆಕ್ರಮಿಸಿತು. ತೋಮಾಷನ ಮಗ ಥಾಮಸ್ ಕೆನಡಾಕ್ಕೆ ಹೋಗಿ ಅಲ್ಲಿ ಬಟಾವಾ ಎಂಬ ಊರು ಕಟ್ಟಿದನು. ಯಾನ್ ಅಮೆರಿಕಕ್ಕೂ ಅಲ್ಲಿಂದ ಬ್ರೆಜಿಲ್ಲಿಗೂ ಹೋದನು. ಯುದ್ಧ ಮುಗಿದ ಮೇಲೆ 1945ರಲ್ಲಿ ಚೆಕೊಸ್ಲೊವಾಕಿಯಾ ಸರ್ಕಾರ ಕಾರ್ಖಾನೆಯನ್ನು ರಾಷ್ಟ್ರೀಕರಣ ಮಾಡಿತು. 1949ರಲ್ಲಿ ಊರಿನ ಹೆಸರನ್ನೂ ಬದಲಿಸಿ, ಕಮ್ಯುನಿಸ್ಟ್ ನಾಯಕ ಗೊಟ್ವಾಲ್ಡನ ಗೌರವಾರ್ಥ ಗೊಟ್ವಾಲ್ಡೊವ್ ಎಂದು ಕರೆದರು. 1990ರವರೆಗೂ ಅದೇ ಉಳಿಯಿತು. ತಾಯ್ನೆಲದಲ್ಲಿ ಬಾಟಾ ಹೆಸರು ಅಳಿಸಿಹೋಗಿದ್ದ ಆ ನಾಲ್ಕು ದಶಕಗಳಲ್ಲೇ ನಮ್ಮ ದೇಶದ ಪೇಟೆಪೇಟೆಯಲ್ಲೂ ಆ ಕೆಂಪು ಅಕ್ಷರಗಳು ರಾರಾಜಿಸುತ್ತಿದ್ದವು. ಬೇರು ಕಿತ್ತ ಮೇಲೂ ಕೊಂಬೆಗಳು ಬದುಕಿದ ವಿಚಿತ್ರ ಮರವಿದು.

ದೇಶವಿಭಜನೆಯಲ್ಲಿ ಲಾಹೋರಿನ ಬಳಿಯ ಬಾಟಾಪುರ ಪಾಕಿಸ್ತಾನಕ್ಕೆ ಸೇರಿತು. 1965ರ ಸೆಪ್ಟೆಂಬರ್ 6ರಂದು ನಮ್ಮ ಸೇನೆಯ 3ನೆಯ ಜಾಟ್ ದಳ ಇಚ್ಛೋಗಿಲ್ ಕಾಲುವೆ ದಾಟಿ ತಲುಪಿದ್ದು ಅದೇ ಬಾಟಾಪುರಕ್ಕೆ. ಗಡಿಯ ಎರಡೂ ಕಡೆ ಜನರ ಕಾಲಿಗೆ ಬಾಟಾ ಬೂಟು! ನಮ್ಮ ಕಡೆಯ ಕಂಪನಿ 1973ರಲ್ಲಿ ಸಾರ್ವಜನಿಕರಿಗೆ ಷೇರು ಮಾರಿ 'ಬಾಟಾ ಇಂಡಿಯಾ' ಆಯಿತು. ಬೆಂಗಳೂರಿನ ಪೀಣ್ಯದಲ್ಲೂ ಒಂದು ಕಾರ್ಖಾನೆ ತೆರೆಯಿತು. ಹೋದಲ್ಲೆಲ್ಲ ಹೀಗೆ ಬೇರು ಬಿಡುವುದು ಹಣಬಲದಿಂದಷ್ಟೇ ಆಗದು. ಬಾಟಾಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಅಮೆರಿಕದ ವಾಲ್‌ಮಾರ್ಟ್ 1997ರಲ್ಲಿ ಜರ್ಮನಿ ಪ್ರವೇಶಿಸಿ, ಅಲ್ಲಿನ ಜನರ ರೀತಿನೀತಿ ಹಿಡಿಸದೆ, 2006ರಲ್ಲಿ ಅಂಗಡಿಗಳನ್ನು ಮಾರಿ ಹೊರಬಿತ್ತು.

ಈ ಕಂಪನಿಯ ಚರಿತ್ರೆಯಲ್ಲಿ ನನ್ನ ಮನಸ್ಸಿನಲ್ಲಿ ನಿಂತ ಸಂಗತಿ ಮಾತ್ರ ಬೇರೆಯೇ. ಜ್ಲೀನ್ ಪಟ್ಟಣದ ಬಾಟಾ ಆಸ್ಪತ್ರೆಯಲ್ಲಿ ಓಯ್ಗೆನ್ ಸ್ಟ್ರಾಸ್ಲರ್ ಎಂಬ ಯಹೂದಿ ವೈದ್ಯನಿದ್ದನು. ನಾಜಿಗಳು ಬಂದಾಗ ಸಂಸ್ಥೆಯು ತನ್ನ ಯಹೂದಿ ನೌಕರರನ್ನು ಹೊರದೇಶಗಳ ಶಾಖೆಗಳಿಗೆ ವರ್ಗಾವಣೆಯ ಹೆಸರಿನಲ್ಲಿ ಕಳುಹಿಸಿಕೊಟ್ಟಿತು. ಜಗತ್ತಿನುದ್ದಕ್ಕೂ ಅಂಗಡಿಗಳಿದ್ದುದರಿಂದ ಅದು ಸಾಧ್ಯವಾಯಿತು. ಈ ವೈದ್ಯನ ಕುಟುಂಬಕ್ಕೆ ಸಿಂಗಪುರ ದೊರೆಯಿತು. 1942ರಲ್ಲಿ ಜಪಾನಿಯರು ಅಲ್ಲಿಗೂ ಬಂದರು. ಹೆಂಡತಿ ಮಾರ್ತಾ ಇಬ್ಬರು ಗಂಡುಮಕ್ಕಳೊಡನೆ ಹಡಗು ಹತ್ತಿ ಭಾರತ ಸೇರಿದಳು. ಹಿಂದೆ ಉಳಿದ ವೈದ್ಯ ಅಲ್ಲಿಂದ ಪಾರಾಗುವ ಯತ್ನದಲ್ಲಿ ಮಡಿದನು. ಆ ವಿಧವೆಗೆ ಡಾರ್ಜಿಲಿಂಗಿನಲ್ಲಿ ಅನ್ನ ಕೊಟ್ಟದ್ದು ಅಲ್ಲಿನ ಬಾಟಾ ಅಂಗಡಿಯ ವ್ಯವಸ್ಥಾಪಕಿಯ ಕೆಲಸ. 1945ರಲ್ಲಿ ಅವಳು ಸ್ಟಾಪರ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿಯನ್ನು ಮದುವೆಯಾಗಿ ಮಕ್ಕಳೊಡನೆ ಇಂಗ್ಲೆಂಡಿಗೆ ತೆರಳಿದಳು. ಅವಳ ಕಿರಿಯ ಮಗನೇ ಮುಂದೆ ಇಂಗ್ಲಿಷಿನ ಹೆಸರಾಂತ ನಾಟಕಕಾರನಾದ ಟಾಮ್ ಸ್ಟಾಪರ್ಡ್.

ತಾಯಿ ಹಳೆಯದನ್ನು ಹೇಳುತ್ತಿರಲಿಲ್ಲ. ತನ್ನ ಅಜ್ಜ-ಅಜ್ಜಿಯರು ನಾಲ್ವರೂ ನಾಜಿಗಳ ಕ್ರೌರ್ಯಕ್ಕೆ ಬಲಿಯಾದರೆಂಬುದು ಸ್ಟಾಪರ್ಡನಿಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ಅವನು ತನ್ನ ಹುಟ್ಟೂರಿನ ಹಳಬರನ್ನು ಹುಡುಕಿಕೊಂಡು ಹೋದನು. ತಂದೆಯ ಮುಖ ಅವನ ನೆನಪಿನಲ್ಲಿರಲಿಲ್ಲ, ತಂದೆಯದೆಂದು ಇಟ್ಟುಕೊಳ್ಳಲು ಒಂದು ವಸ್ತುವೂ ಇರಲಿಲ್ಲ. ಅಲ್ಲಿ ಭೇಟಿಯಾದ ವೃದ್ಧೆಯೊಬ್ಬಳು, ತಾನು ಹುಡುಗಿಯಾಗಿದ್ದಾಗ ಗಾಜಿನಿಂದ ಕೈ ಕೊಯ್ದುಕೊಂಡಿದ್ದನ್ನೂ ಡಾಕ್ಟರ್ ಸ್ಟ್ರಾಸ್ಲರ್ ಅದಕ್ಕೆ ಹೊಲಿಗೆ ಹಾಕಿದ್ದನ್ನೂ ಹೇಳಿ, ಕೈ ಮುಂದೆ ಚಾಚಿದಳು. ಗಾಯದ ಗುರುತು ಇನ್ನೂ ಇತ್ತು. ಸ್ಟಾಪರ್ಡ್ ಅದನ್ನು ಮುಟ್ಟಿ ನೋಡಿದನು.